ಅಂಗಳದಲ್ಲಿ ನೀರು ನಿಲ್ಲುತ್ತಿದೆಯೇ? ಕಾಂಕ್ರೀಟ್ ಹಾಕಿಸುವ ಮೊದಲು ಇದನ್ನು ನೋಡಿ

ಆರಿದ್ರಾ ಮಳೆ ಹಿಡಿದ ಮೇಲೆ ಮಲೆನಾಡು, ಕರಾವಳಿ ಕಡೆಯ ಸ್ನೇಹಿತರು ನನಗೆ ಕಳಿಸುವ ಫೋಟೊಗಳಲ್ಲಿ ಅರ್ಧಕ್ಕರ್ಧ ಬೆಳೆಯದ್ದಲ್ಲ, ಮನೆಯದ್ದು. ಹಿಂಬದಿ ಗೋಡೆ ಮೊಣಕಾಲೆತ್ತರ ಒದ್ದೆಯಾಗಿದೆ. ಅಂಗಳಕ್ಕೆ ಕಾಲಿಟ್ಟರೆ ಹೂತುಹೋಗುತ್ತೆ. ಕೊಟ್ಟಿಗೆ ಮೂಲೆಯಲ್ಲಿ ಜಲ ಎದ್ದಿದೆ. ಫೋಟೊ ಜೊತೆ ಬರುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ಕಾಂಕ್ರೀಟ್ ಹಾಕಿಸಿಬಿಡ್ಲಾ?"

ಈಗಲೇ ಹಾಕಿಸಬೇಡಿ. ಕಾಂಕ್ರೀಟ್ ನೀರನ್ನು ಹೊರಗೆ ಹಾಕೋದಿಲ್ಲ, ಅದು ಎಲ್ಲಿ ಮೇಲೇಳ್ತಿದೆ ಅನ್ನೋದನ್ನು ಮುಚ್ಚುತ್ತೆ ಅಷ್ಟೆ. ಮುಚ್ಚಿಸಿಕೊಂಡ ನೀರು ಪಾಯದ ಕಡೆಗೋ ಪಕ್ಕದ ಮನೆಯವರ ಅಂಗಳಕ್ಕೋ ದಾರಿ ಮಾಡಿಕೊಳ್ಳುತ್ತೆ. ದುಡ್ಡು ಖರ್ಚಾಗಿರುತ್ತೆ, ಗೋಡೆ ಮಾತ್ರ ಹಾಗೇ ಇರುತ್ತೆ.

ಮನೆ ಸುತ್ತ ಸೇರುವ ನೀರು ಮೂರು ಥರ. ಮಾಡಿನಿಂದ ಬೀಳುವ ನೀರು, ಮೇಲಿನ ಜಾಗದಿಂದ ನೆಲದ ಮೇಲೆ ಹರಿದು ಬರುವ ನೀರು, ಮಣ್ಣಿನೊಳಗಿಂದ ಒಸರುವ ನೀರು. ಮೂರಕ್ಕೂ ಮದ್ದು ಬೇರೆ ಬೇರೆ. ಒಂದಕ್ಕೆ ಮಾಡುವ ಮದ್ದನ್ನು ಇನ್ನೊಂದಕ್ಕೆ ಮಾಡಿದರೆ ಕೆಲವೊಮ್ಮೆ ಅಪಾಯವೇ ಹೆಚ್ಚಾಗುತ್ತೆ. ಅದನ್ನು ಕೊನೆಯಲ್ಲಿ ಹೇಳ್ತೀನಿ.

ಪತ್ತೆ ಹಚ್ಚೋದು ಈಗಲೇ, ಕೆಲಸ ಬೇಸಿಗೆಯಲ್ಲಿ

ಜೋರು ಮಳೆ ಬರುವಾಗ ಛತ್ರಿ ಹಿಡಿದು ಮನೆಗೆ ಒಂದು ಸುತ್ತು ಹಾಕಿ, ವಿಡಿಯೊ ಮಾಡಿಟ್ಟುಕೊಳ್ಳಿ. ಮಳೆ ನಿಂತ ಅರ್ಧ ಗಂಟೆಗೆ ಅದೇ ಜಾಗದಲ್ಲಿ ನಿಂತು ಇನ್ನೊಂದು, ಮರುದಿನ ಬೆಳಿಗ್ಗೆ ಮತ್ತೊಂದು. ಏಪ್ರಿಲ್ ತಿಂಗಳಲ್ಲಿ ಮೇಸ್ತ್ರಿ ಬಂದು ನಿಂತಾಗ ಒಣಗಿದ ಅಂಗಳ ಏನನ್ನೂ ಹೇಳೋದಿಲ್ಲ, ಈ ವಿಡಿಯೊ ಹೇಳುತ್ತೆ.

ಮಳೆ ನಿಂತು ಒಂದೆರಡು ಗಂಟೆಯಲ್ಲಿ ನೀರು ಇಳಿದುಹೋದರೆ ಅದು ಮಾಡಿನದ್ದೋ ನೆಲದ ಮೇಲೆ ಹರಿದು ಬಂದದ್ದೋ ಇರಬೇಕು. ದಿನ ಕಳೆದರೂ ಸಣ್ಣಗೆ ಹರೀತಾನೇ ಇದ್ದರೆ ಅದು ಒಸರು. ಖಾತ್ರಿ ಮಾಡಿಕೊಳ್ಳೋಕೆ ಅಂಗಳದಲ್ಲಿ, ಪಾಯದಿಂದ ದೂರ, ಎರಡು ಅಡಿ ಆಳದ ಸಣ್ಣ ಗುಂಡಿ ತೋಡಿ. ಸುತ್ತ ಮಣ್ಣಿನ ಏರಿ ಮಾಡಿ, ಮೇಲಿನ ನೀರು ಬೀಳದ ಹಾಗೆ ಹಳೆ ತಗಡು ಮುಚ್ಚಿ. ಬೆಳಿಗ್ಗೆ ತೆಗೆದಾಗ ಒಳಗೆ ನೀರಿದ್ದರೆ ಅದು ಮಣ್ಣಿನೊಳಗಿಂದಲೇ ಬಂದದ್ದು. ಅದು ಯಾವ ಮಟ್ಟಕ್ಕೆ ನಿಂತಿದೆ ಅಂತ ಅಳೆದು ಬರೆದಿಡಿ. ಮುಂದೆ ಬಸಿಗಾಲುವೆ ಎಷ್ಟು ಆಳ ಬೇಕು ಅನ್ನೋದಕ್ಕೆ ಇದೇ ಲೆಕ್ಕ.

ಒಂದು ಮಾತು. ಬೇಸಿಗೆಯಲ್ಲೂ ಅದೇ ಜಾಗ ಹಸಿಯಾಗಿದ್ದರೆ ಮಳೆಯನ್ನು ದೂರಬೇಡಿ. ಟ್ಯಾಂಕಿನ ಪೈಪು ಒಡೆದಿರಬಹುದು, ಬಚ್ಚಲು ನೀರು ಗೋಡೆ ಬುಡದಲ್ಲೇ ಇಂಗುತ್ತಿರಬಹುದು.

ಮಾಡಿನ ನೀರನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಮಾಡು ಸಾವಿರ ಚದರ ಅಡಿ ಜಾಗ ಮುಚ್ಚಿದ್ದರೆ ಸುಮಾರು 93 ಚದರ ಮೀಟರ್ ಆಯ್ತು. ಹವಾಮಾನ ಇಲಾಖೆ 'ಭಾರೀ ಮಳೆ' ಅನ್ನೋದು ದಿನಕ್ಕೆ 64.5 ಮಿ.ಮೀ.ಯಿಂದ. ಅಂದರೆ ಆ ಒಂದು ದಿನ ನಿಮ್ಮ ಮಾಡಿನಿಂದ 6000 ಲೀಟರ್ ನೀರು ಇಳಿಯುತ್ತೆ. 204.4 ಮಿ.ಮೀ. ದಾಟಿದ 'ಅತ್ಯಂತ ಭಾರೀ ಮಳೆ' ಆದರೆ ಅದು 19 ಸಾವಿರ ಲೀಟರ್. ದೋಣಿ ಇಲ್ಲದ ಮನೆಯಲ್ಲಿ ಇಷ್ಟೂ ನೀರು ಬೀಳೋದು ಎಲ್ಲಿ? ಸೂರಿನ ಕೆಳಗೆ, ಗೋಡೆಯಿಂದ ಎರಡು ಮೂರು ಅಡಿ ಆಚೆ, ಒಂದೇ ಗೆರೆಯಲ್ಲಿ. ಗೋಡೆ ಒದ್ದೆಯಾಗದೆ ಇನ್ನೇನಾಗುತ್ತೆ?

ಅಜ್ಜನ ಕಾಲದಲ್ಲಿ ಅಡಿಕೆ ಮರದ ದಂಬೆ ಕಟ್ಟುತ್ತಿದ್ದರು. ಈಗ ಪಿವಿಸಿ ದೋಣಿ ಸಿಗುತ್ತೆ, ದೊಡ್ಡ ಪೈಪನ್ನು ಉದ್ದಕ್ಕೆ ಸೀಳಿಯೂ ಮಾಡಬಹುದು. ಯಾವುದಾದರೂ ಸರಿ, ಇಳಿಪೈಪಿನ ಬಾಯಿ ಗೋಡೆಯಿಂದ ಕನಿಷ್ಠ ಹತ್ತು ಅಡಿ ದೂರ ಇರಲಿ. ದೋಣಿ ಹಾಕಿ ಪೈಪನ್ನು ಪಾಯದ ಮೂಲೆಗೇ ಬಿಟ್ಟರೆ ಮೊದಲಿಗಿಂತ ಕಡೆ. ಹರಡಿ ಬೀಳುತ್ತಿದ್ದ ನೀರನ್ನೆಲ್ಲ ಒಂದೇ ಕಡೆ ಸುರಿದ ಹಾಗೆ.

ಜೊತೆಗೆ ಗೋಡೆಯಿಂದ ಮೊದಲ ಹತ್ತು ಅಡಿಯಲ್ಲಿ ನೆಲ ಆರು ಇಂಚು ಹೊರಕ್ಕೆ ಇಳಿಜಾರಿರಲಿ. ಮಣ್ಣು ತುಂಬಿ ದಮ್ಮಸು ಮಾಡಿ. ಮರಳು ಹಾಕಬೇಡಿ, ನೀರು ಅದರಲ್ಲೇ ಇಳಿದು ಪಾಯಕ್ಕೆ ಹೋಗುತ್ತೆ. ಮಣ್ಣಿನ ಗೋಡೆಯ ಹಳೆ ಮನೆಯಾದರೆ ಏರಿಸಿದ ಮಣ್ಣು ಪಂಚಾಂಗದ ಕಲ್ಲು ದಾಟಿ ಗೋಡೆಗೆ ತಾಗಬಾರದು.

ಇಳಿಜಾರು ಅಳೆಯೋಕೆ ಮೊಬೈಲಿನ ಲೆವೆಲ್ ಆ್ಯಪ್ ಸಾಲದು. ನೂರು ಅಡಿಗೆ ಒಂದು ಅಡಿ ಇಳಿಜಾರು ಅಂದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಆ್ಯಪ್ ಒಂದೇ ಡಿಗ್ರಿ ತಪ್ಪಿದರೆ ನೂರು ಅಡಿಯಲ್ಲಿ ಒಂದೂಮುಕ್ಕಾಲು ಅಡಿ ವ್ಯತ್ಯಾಸ. ಕಾಲುವೆ ಉಲ್ಟಾ ಹರಿಯೋಕೆ ಅಷ್ಟು ಸಾಕು. ಮೇಸ್ತ್ರಿಗಳು ಬಳಸುವ ಪಾರದರ್ಶಕ ಮಟ್ಟದ ಪೈಪಿಗೆ ನೀರು ತುಂಬಿ, ಗುಳ್ಳೆ ತೆಗೆದು, ಇಬ್ಬರು ಹಿಡಿದು ನೋಡಿ. ಅದಕ್ಕಿಂತ ನಂಬಿಕಸ್ಥ ಉಪಕರಣ ನಮ್ಮ ಕೈಗೆಟಕುವ ಬೆಲೆಯಲ್ಲಿ ಇಲ್ಲ.

ಒಸರಿಗೆ ಬಸಿಗಾಲುವೆ

ಮಣ್ಣಿನೊಳಗಿನ ನೀರಿಗೆ ಮೇಲಿನ ಚರಂಡಿ ಉಪಯೋಗವಿಲ್ಲ. ಅದು ಮನೆ ತಲುಪುವ ಮೊದಲೇ, ಮೇಲಿನ ಬದಿಯಲ್ಲಿ, ಅಡ್ಡಗಟ್ಟಿ ಪಕ್ಕಕ್ಕೆ ತಿರುಗಿಸಬೇಕು. ಒಂದೂವರೆ ಅಡಿ ಅಗಲ, ಗುಂಡಿಯಲ್ಲಿ ಕಂಡ ನೀರಿನ ಮಟ್ಟಕ್ಕಿಂತ ಆಳ. ಸಾಮಾನ್ಯವಾಗಿ ಎರಡರಿಂದ ಮೂರು ಅಡಿ ಸಾಕಾಗುತ್ತೆ. ನೂರಕ್ಕೆ ಒಂದು ಅಡಿ ಇಳಿಜಾರು ಕೊಟ್ಟು ತೋಡಿ, ಒಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಅದರ ಮೇಲೆ ತೊಳೆದ ಜಲ್ಲಿ, ಜಲ್ಲಿ ಮೇಲೆ ನಾಲ್ಕು ಇಂಚಿನ ತೂತು ಕೊರೆದ ಪಿವಿಸಿ ಪೈಪು, ಮತ್ತೆ ಜಲ್ಲಿ. ಬಟ್ಟೆಯನ್ನು ಮೇಲಿಂದ ಮಡಚಿ ಮುಚ್ಚಿ ಮಣ್ಣು ಹಾಕಿ. ಪೈಪಿನ ತೂತು ಕೆಳಮುಖವಾಗಿರಬೇಕು. ಮೇಲ್ಮುಖ ಇಟ್ಟರೆ ನೀರು ತೂತಿನ ಮಟ್ಟಕ್ಕೆ ಏರುವವರೆಗೆ ಕಾಲುವೆಯಲ್ಲೇ ನಿಂತಿರುತ್ತೆ.

ಬಟ್ಟೆ ಉಳಿಸೋಕೆ ಹೋಗಿ ಹಳೆ ಶೇಡ್‌ನೆಟ್ ಹಾಕುವವರಿದ್ದಾರೆ. ಅದರ ಕಣ್ಣು ದೊಡ್ಡದು, ನುಣ್ಣನೆ ಮಣ್ಣು ಒಳಗೆ ಹೋಗಿ ಜಲ್ಲಿ ಕಟ್ಟಿಕೊಳ್ಳುತ್ತೆ. ತೆಂಗಿನ ಸಿಪ್ಪೆ ತೋಟದ ಕಾಲುವೆಗೆ ಪರವಾಗಿಲ್ಲ, ಕೊಳೆತಾಗ ತೆಗೆದು ಬೇರೆ ತುಂಬಬಹುದು. ಮನೆ ಪಕ್ಕ ಬೇಡ. ಅದು ಕೊಳೆತ ಮೇಲೆ ನೆಲ ಕುಸಿಯುತ್ತೆ. ಪಾಯಕ್ಕೆ ತೀರಾ ಹತ್ತಿರ, ಪಾಯಕ್ಕಿಂತ ಆಳವಾಗಿ ಮಾತ್ರ ಯಾವತ್ತೂ ತೋಡಬೇಡಿ.

ಬಯಲುಸೀಮೆಯ ಎರೆ ಮಣ್ಣಿನವರ ಕತೆ ಬೇರೆ. ಅಲ್ಲಿ ಒಸರಿಗಿಂತ ಮಣ್ಣು ಹಿಗ್ಗಿ ಕುಗ್ಗುವುದೇ ತೊಂದರೆ. ಗೋಡೆ ಬುಡಕ್ಕೆ ನೀರು ಇಳಿಯದ ಹಾಗೆ ನೋಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಆದ ಹಾಗೆ.

ತೆಗೆದ ನೀರನ್ನು ಎಲ್ಲಿಗೆ ಬಿಡ್ತೀರಿ?

ತೋಟಕ್ಕೆ ಅಂತ ಎಲ್ಲರೂ ಹೇಳ್ತಾರೆ. ಯಾವ ಬೆಳೆಗೆ ಅಂತ ಯೋಚಿಸಿ ಬಿಡಿ. ಬೇರಿಗೂ ಉಸಿರಾಟ ಬೇಕು, ನೀರು ನಿಂತರೆ ಮಣ್ಣಿನಲ್ಲಿ ಗಾಳಿ ಇರಲ್ಲ. ಪಪ್ಪಾಯ ಒಂದೆರಡು ದಿನ ನಿಂತ ನೀರಿಗೇ ಸಾಯುತ್ತೆ. ಕಾಳುಮೆಣಸಿನ ಬುಡಕ್ಕಂತೂ ಹರಿಸಲೇಬೇಡಿ. ಶೀಘ್ರ ಸೊರಗು ರೋಗ ತರುವ ಫೈಟಾಫ್ತೊರಾ ನೀರಿನ ಜೊತೆ ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಹೋಗುತ್ತೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ಮೊದಲೇ ಇದ್ದರೆ ಅದಕ್ಕೇ ನೇರವಾಗಿ ಸೇರಿಸಿ, ಅಡಿಕೆ ಬುಡಕ್ಕೆ ಅಲ್ಲ. ಕಾಲುವೆ ಅಂಚಿನಲ್ಲಿ ಕೆಸು ಹಾಕಿದರೆ ಪಲ್ಯಕ್ಕಾಯಿತು, ಪತ್ರೊಡೆಗೂ ಆಯಿತು.

ಇಂಗಿಸುವ ಆಸೆ ಇದ್ದರೆ ಮೊದಲು ಪರೀಕ್ಷೆ. ಒಂದು ಅಡಿ ಗುಂಡಿಗೆ ನೀರು ತುಂಬಿ ಇಳಿಯಲು ಬಿಡಿ, ಮತ್ತೆ ತುಂಬಿ. ಎರಡನೇ ಸಲ ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಆ ಜಾಗ ಇಂಗಿಸೋಕೆ ಅಲ್ಲ. ಅಂಗಳದ ಕೊಳಕು ನೀರು ಬಾವಿ ಕಡೆ ಹೋಗದಂತೆಯೂ ನೋಡಿ.

ಮನೆ ಹಿಂದೆ ಧರೆ ಇದ್ದರೆ

ನನಗೆ ಹೆಚ್ಚು ಹೇಳಬೇಕಿರೋದು ಇದು. ನಮ್ಮ ಕಡೆ ಮನೆ ಜಾಗ ಅಂದರೆ ಗುಡ್ಡ ಕಡಿದು ಮಾಡಿದ ಮಟ್ಟ, ಹಿಂದೆ ಧರೆ. ಕೊಡಗು, ಸುಳ್ಯ ಕಡೆ ಬರೆ ಅಂತಾರೆ. ಮೊದಲು ಗುದ್ದಲಿಯಲ್ಲಿ ಸ್ವಲ್ಪ ಸ್ವಲ್ಪವೇ, ವಾಲಿಸಿ ಕಡಿಯುತ್ತಿದ್ದರು. ಈಗ ಜೆಸಿಬಿ ಒಂದೇ ದಿನದಲ್ಲಿ ಇಪ್ಪತ್ತು ಅಡಿ ನೆಟ್ಟಗೆ ಕಡಿದು ಹೋಗುತ್ತೆ.

ಕರಾವಳಿಯಲ್ಲಿ ಮೇಲೆ ಮುರಕಲ್ಲು, ಅದರಡಿ ಬಿಳಿ, ಹಳದಿ, ತಿಳಿ ಗುಲಾಬಿ ಬಣ್ಣದ ಶೇಡಿ ಮಣ್ಣು. ಮುರಕಲ್ಲಿನಲ್ಲಿ ತೂತುಗಳಿರೋದರಿಂದ ನೀರು ಸಲೀಸಾಗಿ ಇಳಿಯುತ್ತೆ. ಶೇಡಿ ಒಣಗಿದ್ದಾಗ ಗಟ್ಟಿ, ನೆನೆದರೆ ಬಲ ಕಳೆದುಕೊಂಡು ಜಾರುತ್ತೆ. ಹಾಗಾಗಿ ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುವ ಧರೆಯನ್ನು ನಂಬಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಜರಿದು ಜನ ಸತ್ತದ್ದು ಯಾರೂ ಮರೆತಿಲ್ಲ. ಆಗಲೂ ದಿನಗಟ್ಟಲೆ ಮಳೆ ಹಿಡಿದಿತ್ತು.

ಸಾವಯವ ಕೃಷಿ ಮಾಡುವ ನಾವೆಲ್ಲ 'ನೀರಿಂಗಿಸಿ' ಅಂತ ಕಲಿತವರು. ಗುಡ್ಡದ ಮೇಲೆ ಇಂಗುಗುಂಡಿ ಅಂದರೆ ಖುಷಿ. ಆದರೆ ಮನೆ ಹಿಂದಿನ ಧರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡೋದು ಆ ಧರೆಗೆ ನೀವೇ ನೀರು ಕುಡಿಸಿದ ಹಾಗೆ. ಈಗಾಗಲೇ ತೋಡಿದ್ದರೆ ನೀರು ನಿಲ್ಲದಂತೆ ಒಂದು ಬದಿ ಒಡೆದು, ಪಕ್ಕದ ಹಳ್ಳದ ಕಡೆಗೆ ಹರಿಯಲು ಬಿಡಿ; ಬೇಸಿಗೆಯಲ್ಲಿ ಮುಚ್ಚಿ. ಇಂಗಿಸೋದಿದ್ದರೆ ಮನೆಯ ಕೆಳಗಿನ ಜಾಗದಲ್ಲಿ, ತೋಟದಲ್ಲಿ ಇಂಗಿಸಿ. ಅದರ ಕೆಳಗೆ ಇನ್ನೊಬ್ಬರ ಮನೆ ಇಲ್ಲ ಅಂತ ನೋಡಿಕೊಂಡು.

ಧರೆ ಮೇಲೆ ಬೇಕಾಗಿರೋದು ಅಗಳು. ಧರೆಯ ಅಂಚಿನಿಂದ ಕೆಲವು ಮೀಟರ್ ಹಿಂದೆ, ಗುಡ್ಡಕ್ಕೆ ಅಡ್ಡವಾಗಿ, ನೂರಕ್ಕೆ ಒಂದು ಅಡಿ ಇಳಿಜಾರಿನಲ್ಲಿ, ನೀರು ನಿಲ್ಲದೆ ಪಕ್ಕದ ಹಳ್ಳಕ್ಕೆ ಹೋಗುವ ಹಾಗೆ. ಸಡಿಲ ಮಣ್ಣಾದರೆ ತಳಕ್ಕೆ ಕಲ್ಲು, ಸಿಮೆಂಟು ಬೇಕು. ಸಿಮೆಂಟಿಗೆ ಖರ್ಚು ಮಾಡೋದಾದರೆ ಅಂಗಳಕ್ಕಲ್ಲ, ಇಲ್ಲಿಗೆ ಮಾಡಿ. ತರಗೆಲೆ ಕಟ್ಟಿಕೊಂಡರೆ ಅಗಳೇ ಇಂಗುಗುಂಡಿ ಆಗಿಬಿಡುತ್ತೆ, ಹಾಗಾಗಿ ಬಿಡುವು ಸಿಕ್ಕಾಗಲೆಲ್ಲ ಕಂಬಳಿಕೊಪ್ಪೆ ಹಾಕಿ ಹೋಗಿ ಎಳೆದು ಬನ್ನಿ.

ಧರೆಗೆ ತಡೆಗೋಡೆ ಕಟ್ಟಿಸುವವರು ಬಸಿಯುವ ತೂತು ಬಿಡಿಸಲೇಬೇಕು. ಗೋಡೆ ಹಿಂದೆ ಎರಡು ಮೀಟರ್ ಎತ್ತರ ನೀರು ತುಂಬಿತು ಅನ್ನಿ. ಗೋಡೆಯ ಪ್ರತಿ ಮೀಟರ್ ಉದ್ದಕ್ಕೂ ನೀರೊಂದೇ ಸುಮಾರು ಎರಡು ಟನ್ ತಳ್ಳುತ್ತೆ, ಮಣ್ಣಿನ ಭಾರ ಬೇರೆ. ಗೋಡೆ ಹಿಂದೆ ಜಲ್ಲಿ ತುಂಬಿಸಿ, ಐದಾರು ಅಡಿಗೊಂದರಂತೆ ಮೂರು ನಾಲ್ಕು ಇಂಚಿನ ಪೈಪು ಹೊರಕ್ಕೆ ವಾಲಿಸಿ ಇಡಿಸಿ. ಎತ್ತರದ ಧರೆಗೆ ಎಂಜಿನಿಯರ್ ಇಲ್ಲದೆ ಗೋಡೆ ಬೇಡ.

ಲಾವಂಚ ಒಳ್ಳೆಯದೇ. ಬೇರು ಎರಡು ಮೂರು ಮೀಟರ್ ಇಳಿಯುತ್ತೆ, ಮೇಲ್ಮಣ್ಣು ಹಿಡಿಯುತ್ತೆ. ಮಳೆ ಶುರುವಿನಲ್ಲಿ ನಾಲ್ಕರಿಂದ ಆರು ಇಂಚಿಗೊಂದು ಬುಡ, ಅಡ್ಡಸಾಲಿನಲ್ಲಿ ನೆಡಿ. ಆದರೆ ನೆಟ್ಟಗೆ ಕಡಿದ ಇಪ್ಪತ್ತು ಅಡಿ ಧರೆಯನ್ನು ಹುಲ್ಲು ನಿಲ್ಲಿಸುತ್ತೆ ಅಂತ ಮಲಗಬೇಡಿ. ಮಳೆಗಾಲದಲ್ಲಿ ಧರೆಯ ಬುಡಕ್ಕೆ ಗುದ್ದಲಿ ಹಾಕೋದೂ ಬೇಡ. ಚರಂಡಿ ಬಿಡಿಸೋಕೆ ಅಂತ ಬುಡ ಕೆದಕಿದರೆ ಮೇಲಿನದ್ದಕ್ಕೆ ಆಧಾರ ತಪ್ಪುತ್ತೆ.

ಈ ವಾರ ಮಾಡಬೇಕಾದ್ದು ಇಷ್ಟು. ಮಳೆ ಹೊಳವಾದಾಗ, ಹಗಲಿನಲ್ಲಿ, ಇಬ್ಬರು ಜೊತೆಯಾಗಿ ಧರೆ ಮೇಲೆ ಹತ್ತಿ ನೋಡಿ. ಅಂಚಿಗೆ ಸಮನಾಗಿ ನೆಲ ಬಿರುಕು ಬಿಟ್ಟಿದೆಯೇ, ಮರ ವಾಲಿದೆಯೇ? ಕೆಳಗೆ, ತಿಳಿಯಾಗಿದ್ದ ಒಸರು ದಿಢೀರನೆ ಕೆಂಪಾಗಿದೆಯೇ, ಅಥವಾ ಇದ್ದಕ್ಕಿದ್ದಂತೆ ನಿಂತಿದೆಯೇ? ನಿಂತರೆ ಒಳ್ಳೆಯದಾಯ್ತು ಅಂದುಕೊಳ್ಳಬೇಡಿ, ನೀರು ಒಳಗೇ ತುಂಬಿಕೊಳ್ತಾ ಇರಬಹುದು. ಸಣ್ಣ ಬಿರುಕಿಗೆ ಜೇಡಿ ಮಣ್ಣು ತುಂಬಿ ಮೇಲೆ ಟಾರ್ಪಾಲು ಹಾಕಿದರೆ ನೀರು ಇಳಿಯೋದು ಕಡಿಮೆಯಾಗುತ್ತೆ. ಬಿರುಕು ಅಗಲವಾಗುತ್ತಿದ್ದರೆ ಹತ್ತಿರ ಹೋಗಬೇಡಿ. ಫೋಟೊ ತೆಗೆದು ಗ್ರಾಮ ಪಂಚಾಯಿತಿಗೂ ಗ್ರಾಮ ಆಡಳಿತಾಧಿಕಾರಿಗೂ ಕಳಿಸಿ, ಅವತ್ತು ರಾತ್ರಿಯೇ ಅಜ್ಜಿ, ಮಕ್ಕಳು, ಎಲ್ಲರೂ ಬೇರೆ ಕಡೆ ಮಲಗಿ. ದನಗಳನ್ನು ಧರೆ ಬದಿಯ ಕೊಟ್ಟಿಗೆಯಿಂದ ಬಿಚ್ಚಿ ಈಚೆ ಕಟ್ಟಿ. ಜಿಲ್ಲಾಧಿಕಾರಿ ಕಚೇರಿಯ ಕಂಟ್ರೋಲ್ ರೂಮ್ 1077, ತುರ್ತು ಸಹಾಯಕ್ಕೆ 112. ಮಳೆಗೆ ಟವರ್ ಹೋಗೋ ಮುಂಚೆ ಮನೆಯ ಎಲ್ಲರ ಮೊಬೈಲಿನಲ್ಲೂ ಸೇವ್ ಮಾಡಿಡಿ.