ಬೆಳಗಿನ ಜಾವ 4:07ಕ್ಕೆ ಬರೆದ ಸಾಲು

2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು 6,018 ಆನ್‌ಲೈನ್ ಅರ್ಜಿಗಳು ಬಂದವು. ಮನೆಮನೆಗೆ ಹೋಗಿ ವಿಚಾರಿಸಿದಾಗ ಅವುಗಳಲ್ಲಿ ಸರಿ ಇದ್ದದ್ದು 24. ಉಳಿದ 5,994 ತಿರಸ್ಕೃತವಾದವು ಎಂದು ಚುನಾವಣಾ ಆಯೋಗವೇ ಹೇಳಿದೆ. ಈ ಕಿತಾಪತಿ ಹೊರಬಿದ್ದದ್ದು ಕಂಪ್ಯೂಟರಿನ ಜಾಣತನದಿಂದಲ್ಲ. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಒಬ್ಬರಿಗೆ ತಮ್ಮ ಸಂಬಂಧಿಕರ ಹೆಸರೇ ತೆಗೆಯುವ ಪಟ್ಟಿಯಲ್ಲಿ ಕಂಡಿತು. ಅರ್ಜಿ ಹಾಕಿದವರು ನೆರೆಮನೆಯವರು ಎಂದಿತ್ತು. ಹೋಗಿ ಕೇಳಿದರೆ ಅವರಿಗೆ ಅದರ ಗಂಧಗಾಳಿಯೂ ಇರಲಿಲ್ಲ. 2023ರ ಫೆಬ್ರವರಿಯಲ್ಲಿ ಆಳಂದ ಠಾಣೆಯಲ್ಲಿ ಎಫ್‌ಐಆರ್ ಆಯಿತು.

2025ರ ಸೆಪ್ಟೆಂಬರ್ 18ರಂದು ದೆಹಲಿಯಲ್ಲಿ ರಾಹುಲ್ ಗಾಂಧಿ ಈ ಪ್ರಕರಣವನ್ನು ಪತ್ರಕರ್ತರ ಮುಂದಿಟ್ಟಾಗ ನನ್ನ ಕಿವಿ ನಿಮಿರಿದ್ದು ರಾಜಕೀಯದ ಮಾತಿಗಲ್ಲ, ಒಂದು ಗಡಿಯಾರದ ಮಾತಿಗೆ. ಒಬ್ಬನ ಹೆಸರಿನಲ್ಲಿ 36 ಸೆಕೆಂಡುಗಳಲ್ಲಿ ಎರಡು ಅರ್ಜಿ ಸಲ್ಲಿಕೆಯಾಗಿವೆ, ಅದೂ ಬೆಳಗಿನ ಜಾವ 4:07ಕ್ಕೆ ಎಂದರು ಅವರು. ಆ ಹೊತ್ತಿಗೆ ಆಳಂದದಲ್ಲಿ ಯಾರು ಎಚ್ಚರವಿದ್ದರೋ ಇಲ್ಲವೋ, ಎಲ್ಲೋ ಒಂದು ಸರ್ವರಿನಲ್ಲಿ ಒಂದು ಪ್ರೋಗ್ರಾಂ ಎಚ್ಚರವಿತ್ತು. ಬಂದದ್ದನ್ನು ಅದು ಬರೆದಿಟ್ಟುಕೊಂಡಿತು.

ಹೀಗೆ ಬರೆದಿಡುವುದಕ್ಕೇ ಲಾಗ್ ಎನ್ನುತ್ತಾರೆ. ಸರ್ಕಾರಿ ಕಚೇರಿಯ ಆವಕ-ಜಾವಕ ವಹಿ ಇದ್ದ ಹಾಗೆ: ಏನು ಬಂತು, ಎಲ್ಲಿಂದ ಬಂತು, ಎಷ್ಟು ಹೊತ್ತಿಗೆ. ಪ್ರತಿಯೊಂದು ಪ್ರೋಗ್ರಾಮೂ ತನಗೆ ತೋಚಿದಲ್ಲಿ ಗೀಚಿಕೊಳ್ಳುತ್ತಿದ್ದ ಕಾಲದಲ್ಲಿ, 1980ರ ದಶಕದ ಆರಂಭಕ್ಕೆ, ಬರ್ಕ್ಲಿ ವಿಶ್ವವಿದ್ಯಾಲಯದ ಎರಿಕ್ ಆಲ್ಮನ್ ಸೆಂಡ್‌ಮೇಲ್ ಎಂಬ ಇಮೇಲ್ ತಂತ್ರಾಂಶಕ್ಕಾಗಿ ಸಿಸ್‌ಲಾಗ್ ಬರೆದರು. ಪ್ರೋಗ್ರಾಂ ತಾನು ಹೇಳಬೇಕಾದ್ದನ್ನು ಯಂತ್ರದ ಒಂದೇ ವಹಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಅದನ್ನು ಯಾವ ಕಡತಕ್ಕೆ ಹಾಕಬೇಕು, ಬೇರೆ ಊರಿನ ಸರ್ವರಿಗೆ ಕಳಿಸಬೇಕೇ, ಎಷ್ಟು ದಿನ ಇಡಬೇಕು ಎಂಬುದು ಯಂತ್ರ ನೋಡಿಕೊಳ್ಳುವವರ ತಲೆನೋವು. ಯೂನಿಕ್ಸ್ ಕುಲದ ಯಂತ್ರಗಳೆಲ್ಲ ಈ ಪದ್ಧತಿಯನ್ನು ಒಪ್ಪಿಕೊಂಡವು. ಆದರೆ ಅದನ್ನು ಯಾರೂ ಸರಿಯಾಗಿ ಕಾಗದದ ಮೇಲೆ ಇಳಿಸಿರಲಿಲ್ಲ. ಇಪ್ಪತ್ತು ವರ್ಷ ಬಳಕೆಯಲ್ಲೇ ನಡೆದದ್ದನ್ನು 2001ರಲ್ಲಿ ಒಂದು ದಸ್ತಾವೇಜು ದಾಖಲಿಸಿತು, 2009ರಲ್ಲಿ ಇನ್ನೊಂದು ನಿಯಮವಾಗಿ ಬಿಗಿ ಮಾಡಿತು.

ಸಿಸ್‌ಲಾಗಿಗೆ ಕಳಿಸುವ ಪ್ರತಿ ಸಂದೇಶಕ್ಕೂ ಗಂಭೀರತೆಯ ಒಂದು ಅಂಕಿ ಇರುತ್ತದೆ. 0 ಎಂದರೆ ಯಂತ್ರವೇ ನಿಂತುಹೋಗುವಂಥ ಅನಾಹುತ, 4 ಎಂದರೆ ಎಚ್ಚರಿಕೆ, 6 ಎಂದರೆ ಬರೀ ಮಾಹಿತಿ, 7 ಎಂದರೆ ಪ್ರೋಗ್ರಾಂ ಬರೆದವನ ಸ್ವಂತ ಗೊಣಗಾಟ. ಸಂದೇಶ ಯಾವ ವಿಭಾಗದಿಂದ ಬಂತು ಎನ್ನುವುದಕ್ಕೂ 0ಯಿಂದ 23ರವರೆಗೆ ಅಂಕಿಗಳಿವೆ. ವಿಭಾಗವನ್ನು 8ರಿಂದ ಗುಣಿಸಿ ಗಂಭೀರತೆ ಕೂಡಿಸಿದರೆ ಸಾಲಿನ ಮೊದಲ ಸಂಖ್ಯೆ ಸಿಗುತ್ತದೆ. ವಿಭಾಗ 16ರ ಎಚ್ಚರಿಕೆ 132. ಇಷ್ಟು ಸರಳ. ಕಷ್ಟ ಇರುವುದು ಬೇರೆ ಕಡೆ. 36 ಸೆಕೆಂಡಿನಲ್ಲಿ ಹೆಸರು ತೆಗೆಯುವ ಅರ್ಜಿ, ಅಂದರೆ ಫಾರ್ಮ್ 7, ಎರಡು ಬಂದರೆ ಅದು ಮಾಹಿತಿಯೋ ಎಚ್ಚರಿಕೆಯೋ? ಯಂತ್ರಕ್ಕೆ ಅದು ತಿಳಿಯದು. ಪ್ರೋಗ್ರಾಂ ಬರೆಯುವ ದಿನ ಯಾರಾದರೂ ಅದನ್ನು ಯೋಚಿಸಿ 4 ಎಂದು ಹಾಕಿರಬೇಕು. ಇಲ್ಲದಿದ್ದರೆ ಅದು 6ರ ರಾಶಿಯಲ್ಲಿ ಬಿದ್ದಿರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಲಾಗ್ ಬರೆಯುವವರು ಸಾಮಾನ್ಯವಾಗಿ ತನಿಖಾಧಿಕಾರಿಯನ್ನು ನೆನೆದು ಬರೆಯುವುದಿಲ್ಲ. ರಾತ್ರಿ ಸರ್ವರ್ ಕೆಟ್ಟರೆ ತಮಗೆ ಏನು ಬೇಕಾದೀತು ಎಂದಷ್ಟೇ ನೋಡುತ್ತಾರೆ.

ಆಳಂದದ ತನಿಖೆಯ ಎಳೆ ಸಿಕ್ಕಿಹಾಕಿಕೊಂಡದ್ದೂ ಲಾಗ್‌ನಿಂದ ಸಿಕ್ಕಿದ್ದಕ್ಕೂ ತನಿಖೆಗೆ ಬೇಕಾದದ್ದಕ್ಕೂ ನಡುವಿನ ಈ ಅಂತರದಲ್ಲೇ. 2023ರ ಸೆಪ್ಟೆಂಬರ್ 6ರಂದು ಕಲಬುರಗಿ ಎಸ್‌ಪಿಯವರಿಗೆ ಅರ್ಜಿದಾರರ ಹೆಸರು, ಲಾಗಿನ್‌ಗೆ ಬಳಸಿದ ಮೊಬೈಲ್ ಸಂಖ್ಯೆ, ಐಪಿ ವಿಳಾಸ, ಸಲ್ಲಿಸಿದ ದಿನ-ಹೊತ್ತು ಎಲ್ಲ ಕೊಟ್ಟಿದ್ದೇವೆ ಎನ್ನುತ್ತದೆ ಆಯೋಗ. ತನಿಖೆ ನಡೆಸುತ್ತಿದ್ದ ಸಿಐಡಿ ಅದರ ಮೇಲೆ ಕೇಳಿದ್ದು ಡೆಸ್ಟಿನೇಷನ್ ಐಪಿ, ಡೆಸ್ಟಿನೇಷನ್ ಪೋರ್ಟ್, ಅಂದರೆ ಅರ್ಜಿ ತಲುಪಿದ ಸರ್ವರಿನ ವಿಳಾಸ ಮತ್ತು ಬಾಗಿಲಿನ ಸಂಖ್ಯೆ. ಇದೇನು ಹಟ ಎನಿಸಬಹುದು. ಹಟವಲ್ಲ. ನಮ್ಮ ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಒಂದೇ ಹೊತ್ತಿಗೆ ನೂರಾರು ಗಿರಾಕಿಗಳಿಗೆ ಹಂಚಿರುತ್ತವೆ. ವಿಳಾಸ, ಹೊತ್ತು ಎರಡನ್ನೇ ಹಿಡಿದು ಕಂಪನಿಯನ್ನು ಕೇಳಿದರೆ ಅದು ಒಂದು ಗುಂಪನ್ನೇ ತೋರಿಸುತ್ತದೆ. ಆ ಗುಂಪಿನಲ್ಲಿ ಆ ಕ್ಷಣಕ್ಕೆ ಆಯೋಗದ ಸರ್ವರಿನ ಬಾಗಿಲು ತಟ್ಟಿದವರು ಯಾರು ಎಂದು ಸೋಸಲು ಸರ್ವರಿನ ವಿಳಾಸ, ಪೋರ್ಟ್ ನೆರವಾಗುತ್ತವೆ.

ಇದರ ಮೇಲೆ ಕಾಲದ ಒತ್ತಡ ಬೇರೆ. ಸರ್ವರ್ ನಡೆಸುವವರು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಗಡಿಯಾರಗಳನ್ನು ರಾಷ್ಟ್ರೀಯ ಸಮಯಕ್ಕೆ ಹೊಂದಿಸಿಕೊಳ್ಳಬೇಕು ಎಂದು 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಆದೇಶಿಸಿತು. ಟೆಲಿಕಾಂ ಕಂಪನಿಗಳು ಕರೆ ಮತ್ತು ಇಂಟರ್ನೆಟ್ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಡಬೇಕೆಂಬ ನಿಯಮ 2021ರ ಡಿಸೆಂಬರಿನದು. ಚುನಾವಣೆ ನಡೆದದ್ದು 2023ರ ಮೇ 10ಕ್ಕೆ. ಈ ಅರ್ಜಿಗಳು ಅದಕ್ಕೂ ಮುಂಚಿನವು. ಪ್ರಕರಣಕ್ಕೆ ವಿಶೇಷ ತನಿಖಾ ತಂಡ (ಎಸ್‌ಐಟಿ) ರಚನೆಯಾದದ್ದು 2025ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಎರಡೂ ಕನಿಷ್ಠ ಗಡುವು ಮುಗಿದಿದ್ದವು. ಕೇಳಿದ ಪತ್ರಗಳಿಗೂ ಕೊಟ್ಟ ಉತ್ತರಗಳಿಗೂ ನಡುವೆ ಕಳೆದ ತಿಂಗಳುಗಳು ಬರೀ ಕಾಗದದ ವಿಳಂಬವಲ್ಲ, ಸಾಕ್ಷ್ಯ ಕರಗುವ ಅವಧಿ.

ಹಳೆಯ ಸಿಸ್‌ಲಾಗಿನ ಒಂದೆರಡು ದೌರ್ಬಲ್ಯಗಳನ್ನೂ ಹೇಳಿಬಿಡಬೇಕು. 2001ರ ದಸ್ತಾವೇಜಿನ ಪದ್ಧತಿಯಲ್ಲಿ ತಿಂಗಳು, ತಾರೀಕು, ಗಂಟೆ ಇರುತ್ತವೆ. ಇಸವಿ ಇಲ್ಲ, ಯಾವ ದೇಶದ ಸಮಯ ಎಂಬುದೂ ಇಲ್ಲ. ಡಿಸೆಂಬರಿನ ಸಾಲೊಂದು ಸಿಕ್ಕರೆ ಯಾವ ಡಿಸೆಂಬರ್ ಎಂದು ಕೇಳಬೇಕಾದೀತು! ಸಂದೇಶಗಳು ಯುಡಿಪಿ ಎಂಬ ರವಾನೆ ಪದ್ಧತಿಯಲ್ಲಿ, ಪೋರ್ಟ್ 514ಕ್ಕೆ ಹೋಗುತ್ತಿದ್ದವು, ತಲುಪಿತೆಂಬ ಖಾತ್ರಿ ಇರಲಿಲ್ಲ. ಜಾಲ ದಟ್ಟಣೆಯಲ್ಲಿದ್ದರೆ ಕೆಲವು ಸಾಲು ದಾರಿಯಲ್ಲೇ ಬಿದ್ದುಹೋಗುತ್ತಿದ್ದವು. 2009ರ ನಿಯಮ ಇಸವಿ, ಸಮಯ ವಲಯ ಎರಡನ್ನೂ ಸೇರಿಸಿತು. ಗೂಢಲಿಪಿಯಲ್ಲಿ ಕಳಿಸುವ ದಾರಿಯೂ ಆಗಲೇ ಬಂತು.

ಯಾರು ಏನು ಮಾಡಿದರೆಂದು ದಾಖಲಿಸಿಡುವ ಎಚ್ಚರ ಕರ್ನಾಟಕಕ್ಕೆ ಹೊಸದೇನಲ್ಲ. ಈ ಶತಮಾನದ ಆರಂಭಕ್ಕೆ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿದಾಗ ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕು ಕಚೇರಿಗಳಲ್ಲಿ ಸಿಬ್ಬಂದಿ ಪಾಸ್‌ವರ್ಡ್ ಒಂದರಿಂದಲೇ ಒಳಹೋಗುವಂತಿರಲಿಲ್ಲ, ಬೆರಳಚ್ಚು ಒತ್ತಬೇಕಿತ್ತು. ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದರು ಎನ್ನುವ ನೆಪಕ್ಕೆ ಜಾಗ ಇರಬಾರದೆಂದೇ ಆ ವ್ಯವಸ್ಥೆ. ಹಕ್ಕು ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದು ಮೊದಲು ಎಂಬ ಸರದಿಯನ್ನೂ ತಂತ್ರಾಂಶವೇ ಕಾಯುತ್ತಿತ್ತು. "ನಿಮ್ಮ ಕಾಗದ ಮ್ಯಾಲ ಹೋಗ್ಯಾದ್ರಿ" ಎಂದು ರೈತನನ್ನು ವಾಪಸ್ ಕಳಿಸಿದರೂ ಕಾಗದ ಯಾರ ಬೆರಳ ಕೆಳಗೆ ನಿಂತಿದೆ ಎಂಬುದು ದಾಖಲಾಗುತ್ತಿತ್ತು. ಹೊಲದ ಹಕ್ಕಿಗೆ ಬೆರಳಚ್ಚು ಕೇಳಿದ ರಾಜ್ಯದಲ್ಲಿ, ಎರಡು ದಶಕದ ನಂತರ ಮತದ ಹಕ್ಕು ಕಿತ್ತುಹಾಕುವ ಅರ್ಜಿ ಒಂದು ಮೊಬೈಲ್ ಸಂಖ್ಯೆಯ ಬಲದ ಮೇಲೆ ಸಲ್ಲಿಕೆಯಾಗುತ್ತಿತ್ತು. ಇದು ನನಗೆ ಈಗಲೂ ಅರಗದ ಸಂಗತಿ.

ನ್ಯಾಯಾಲಯಕ್ಕೆ ಹೋದಮೇಲೆ ಈ ಸಾಲುಗಳ ಪರೀಕ್ಷೆ ಬೇರೆ ಥರದ್ದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯ, ಅಂದರೆ ಕಡತದಿಂದಲೇ ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆ, ನಮೂದಾಗಬೇಕು. ಕಡತದ ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ, ತಿದ್ದಿದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಹ್ಯಾಶ್ ಹೇಳುವುದು ಅದನ್ನು ಲೆಕ್ಕ ಹಾಕಿದ ಮೇಲಿನ ಕಥೆಯನ್ನು ಮಾತ್ರ. ಅದಕ್ಕೂ ಮುಂಚೆ ಯಾರಾದರೂ ಸಾಲು ಅಳಿಸಿದ್ದರೆ? ಅದಕ್ಕಾಗಿಯೇ ಜಾಗರೂಕರು ಲಾಗ್‌ಗಳನ್ನು ಹುಟ್ಟಿದ ಯಂತ್ರದಲ್ಲೇ ಬಿಡದೆ, ಬೇರೆಯವರ ಕೈಯಲ್ಲಿರುವ ಇನ್ನೊಂದು ಸರ್ವರಿಗೆ ಆ ಕ್ಷಣವೇ ಕಳಿಸುತ್ತಾರೆ. ಮತದಾರರ ಪಟ್ಟಿಯ ಸರ್ವರಿನ ಆ ಎರಡನೇ ಪ್ರತಿ ಯಾರ ಬಳಿ ಇರಬೇಕು, ಪೊಲೀಸರು ಕೇಳಿದರೆ ಎಷ್ಟು ದಿನದೊಳಗೆ ಕೊಡಬೇಕು ಎಂಬುದನ್ನು ಮುಂದಿನ ಚುನಾವಣೆಗೆ ಮೊದಲೇ ಬರೆದಿಟ್ಟು ಜನರಿಗೆ ತಿಳಿಸಬೇಕು. ಆ ಗಡುವು 180 ದಿನಕ್ಕಿಂತ ತೀರಾ ಕಡಿಮೆ ಇರಬೇಕು.