ಸ್ಕೋರ್‌ಬೋರ್ಡಿನ ಮೂರು ಮೊಳೆ

ನೂರ ಎಂಟನ್ನು ಅಂಕಿಯಲ್ಲಿ ಬರೆ ಎಂದರೆ 1008 ಎಂದು ಬರೆಯುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಮನೆಯಲ್ಲಿ ಎರಡನೆಯ, ಮೂರನೆಯ ತರಗತಿಯ ಮೊಮ್ಮಕ್ಕಳಿದ್ದರೆ ಈ ವಾರವೇ ನೋಡಿರಬಹುದು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುವುದು ಸುಲಭ. ಆದರೆ ಮಗುವಿನ ಕಿವಿಯಿಂದ ಒಮ್ಮೆ ಕೇಳಿ ನೋಡಿ. ನೀವು ಮೊದಲು 'ನೂರ' ಎಂದಿರಿ, ಅದು 100 ಬರೆಯಿತು. ಆಮೇಲೆ 'ಎಂಟು' ಎಂದಿರಿ, ಪಕ್ಕದಲ್ಲಿ 8 ಬರೆಯಿತು. ಹೇಳಿದ್ದನ್ನು ಹೇಳಿದ ಹಾಗೇ ಬರೆದ ಮಗುವಿಗೆ ದಡ್ಡ ಎನ್ನುವುದು ಹೇಗೆ?

ನಮ್ಮ ಬಳೇಪೇಟೆಯ ಬೀದಿಯಲ್ಲಿ ಅಂಥ ಒಬ್ಬಳು ಹುಡುಗಿ ಇದ್ದಾಳೆ. ಮೂರನೆಯ ತರಗತಿ. ಅಪ್ಪ ಅಂಗಡಿಗಳಿಗೆ ಕೈಗಾಡಿಯಲ್ಲಿ ಮಾಲು ಸಾಗಿಸುತ್ತಾನೆ. ತರಗತಿಯಲ್ಲಿ ಬೋರ್ಡಿನ ಮೇಲೆ 1008 ಬರೆದಾಗ ಎಲ್ಲರೂ ನಕ್ಕರಂತೆ. ಅಂದಿನಿಂದ ಗಣಿತದ ದಿನ ಹೊಟ್ಟೆನೋವು. "ಇವಳ ತಲೆಗೆ ಲೆಕ್ಕ ಹತ್ತಲ್ಲ ಮೇಷ್ಟ್ರೇ, ಸುಮ್ಮನೆ ಯಾಕೆ ಕಳಿಸೋದು ಅಂತ ಅವಳಪ್ಪ ಅಂತಾನೆ" ಎಂದು ಅವಳ ಅಜ್ಜಿ ನನ್ನ ಬಳಿ ಬಂದು ಕೂತರು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವನು ಎಂದು ಬೀದಿಯವರು ನನ್ನನ್ನು ಇನ್ನೂ ಮೇಷ್ಟ್ರು ಎಂದೇ ಕರೆಯುತ್ತಾರೆ. ಎಂಟು ವರ್ಷಕ್ಕೇ ಒಂದು ಮಗು ಲೆಕ್ಕದಿಂದ ಹೊರಗುಳಿದರೆ ಆಮೇಲೆ ಒಳಗೆ ಕರೆತರುವುದು ಬಹಳ ಕಷ್ಟ. ಹತ್ತಾರು ಮಕ್ಕಳಲ್ಲಿ ನಾನದನ್ನು ಕಂಡಿದ್ದೇನೆ.

ಹುಡುಗಿಗೆ ಪಾಠ ಬೇಡವಾಗಿತ್ತು, ಕ್ರಿಕೆಟ್ ಬೇಕಿತ್ತು. ಭಾನುವಾರ ಬೆಳಿಗ್ಗೆ, ಅಂಗಡಿಗಳು ತೆರೆಯುವ ಮೊದಲು, ನಮ್ಮ ಬೀದಿಯೇ ಮೈದಾನ. ಬಳೆ ಅಂಗಡಿಯ ರೋಲಿಂಗ್ ಶಟರಿಗೆ ಚೆಂಡು ಬಡಿದರೆ ನಾಲ್ಕು ರನ್, ವಾದ್ಯದಂಗಡಿಯ ಬೋರ್ಡಿಗೆ ಬಡಿದರೆ ಔಟ್. ಸರಿ, ಅಲ್ಲಿಂದಲೇ ಶುರುಮಾಡೋಣ ಎಂದುಕೊಂಡೆ.

ಒಂದು ಹಲಗೆಗೆ ಸಾಲಾಗಿ ಮೂರು ಮೊಳೆ ಹೊಡೆದೆವು. ಬಳೆ ಡಬ್ಬಿಯ ರಟ್ಟು ಕತ್ತರಿಸಿ 0ಯಿಂದ 9ರವರೆಗೆ ಮೂರು ಮೂರು ಸೆಟ್ ಅಂಕಿ ಬರೆದು, ಮೇಲೆ ತೂತು ಮಾಡಿದೆವು. ಅಷ್ಟೇ ಸ್ಕೋರ್‌ಬೋರ್ಡ್. ಬಲಗಡೆಯ ಮೊಳೆ ಬಿಡಿ, ನಡುವಿನದು ಹತ್ತು, ಎಡಗಡೆಯದು ನೂರು. ನಿಯಮ ಒಂದೇ: ಒಂದು ಮೊಳೆಗೆ ಒಂದೇ ರಟ್ಟು.

"ಶಾಂತಾ ರಂಗಸ್ವಾಮಿ ಗೊತ್ತಾ?" ಎಂದು ಕೇಳಿದೆ. ಗೊತ್ತಿರಲಿಲ್ಲ. ಕರ್ನಾಟಕದ ಪರ ಆಡಿದವರು, ಭಾರತದ ಮಹಿಳಾ ತಂಡದ ನಾಯಕಿಯಾಗಿದ್ದವರು. 1977ರಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಅವರು ಹೊಡೆದದ್ದು ಟೆಸ್ಟ್‌ನಲ್ಲಿ ಭಾರತದ ಮಹಿಳೆಯೊಬ್ಬರ ಮೊದಲ ಶತಕ. ಎಷ್ಟು ರನ್? ನೂರ ಎಂಟು. "ಅದನ್ನು ಬೋರ್ಡಿಗೆ ಹಾಕು" ಎಂದೆ.

ಅವಳು 1, 0, 0, 8 ನಾಲ್ಕು ರಟ್ಟು ಆರಿಸಿಕೊಂಡು ಬಂದಳು. ಮೂರು ಹಾಕಿದಳು. ನಾಲ್ಕನೆಯದು ಕೈಯಲ್ಲೇ ಉಳಿಯಿತು. "ತಾತ, ಮೊಳೆ ಸಾಲಲ್ಲ" ಎಂದಳು. ನಾನು ತಪ್ಪು ಎನ್ನಲಿಲ್ಲ, ಹಲಗೆಯೇ ಹೇಳಿತ್ತು. ಬೋರ್ಡಿನಲ್ಲಿ 100 ಇತ್ತು. "ನೂರಾಯ್ತು. ಇನ್ನೊಂದು ರನ್ ಓಡಿದರೆ?" ಎಂದೆ. ಬಲಗಡೆಯ ಸೊನ್ನೆ ತೆಗೆದು 1 ಹಾಕಿದಳು. ಇನ್ನೊಂದು? 2. ಹಾಗೇ 8ರವರೆಗೆ ಹೋದಳು. ನಿಂತು ನೋಡಿದಳು. ಬಲಗಡೆಯ ಸೊನ್ನೆಯ ಜಾಗದಲ್ಲಿ ಎಂಟು ಬಂದು ಕೂತಿತ್ತು. ನಡುವಿನ ಸೊನ್ನೆ ಅಲುಗಾಡಿರಲಿಲ್ಲ.

ಅಜ್ಜಿಯರಿಗೆ ಈ ಸಂಖ್ಯೆ ಬೇರೆ ದಾರಿಯಿಂದ ಗೊತ್ತು. ಜಪಮಾಲೆಯಲ್ಲಿ ಮಣಿ 108. ದೇವರ ನಾಮಾವಳಿಯನ್ನು 'ಅಷ್ಟೋತ್ತರ ಶತ' ಎನ್ನುತ್ತೇವಲ್ಲ, ಬಿಡಿಸಿದರೆ ನೂರರ ಮೇಲೆ ಎಂಟು ಎಂದೇ ಅರ್ಥ. ಹುಡುಗಿಯ ಅಜ್ಜಿ ಮಾಲೆ ತಂದು, ಹತ್ತು ಹತ್ತು ಮಣಿಗೆ ಒಂದು ಬಣ್ಣದ ದಾರ ಕಟ್ಟಿ ತೋರಿಸಿದರು. ಹತ್ತು ಕಟ್ಟು, ಮೇಲೆ ಎಂಟು ಮಣಿ. ನನ್ನ ಮೂವತ್ತು ವರ್ಷದ ಪಾಠೋಪಕರಣಗಳಲ್ಲಿ ಅಷ್ಟು ಚೆನ್ನಾದದ್ದು ಇರಲಿಲ್ಲ.

ಬೋರ್ಡ್ ಮಾಡುವಷ್ಟು ಪುರುಸೊತ್ತಿಲ್ಲ ಎನ್ನುವವರು ಹಳೆಯ ಲಗ್ನಪತ್ರಿಕೆಯ ಹಿಂಬದಿ ಬಳಸಿ. ಉದ್ದ ಚೀಟಿಯಲ್ಲಿ 100, ಅದಕ್ಕಿಂತ ಗಿಡ್ಡ ಚೀಟಿಯಲ್ಲಿ 30, ಇನ್ನೂ ಗಿಡ್ಡದರಲ್ಲಿ 7 ಬರೆಯಿರಿ. ಬಲತುದಿ ಸರಿಯಾಗಿ ಕೂಡುವಂತೆ ಒಂದರ ಮೇಲೊಂದು ಇಟ್ಟರೆ 137. ನಮ್ಮ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡಿದ ಮೊದಲ ಟೆಸ್ಟ್‌ನ ಎರಡನೆಯ ಇನ್ನಿಂಗ್ಸ್ ಅದು. ಮೊದಲನೆಯ ಇನ್ನಿಂಗ್ಸ್‌ನಲ್ಲಿ ಎಷ್ಟು? ಸೊನ್ನೆ! ಇದನ್ನು ಹೇಳಿದರೆ ಸೊನ್ನೆ ತೆಗೆದ ಮಕ್ಕಳಿಗೆ ಎಲ್ಲಿಲ್ಲದ ಖುಷಿ.

ಸೊನ್ನೆಯ ಕೆಲಸ ತೋರಿಸಲು ಕರುಣ್ ನಾಯರ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಎರಡೂ ಕಡೆ ಮೂರು, ನಡುವೆ ಸೊನ್ನೆ. ಎಡಗಡೆಯ ಮೂರು ಮುನ್ನೂರು, ಬಲಗಡೆಯದು ಬರೀ ಮೂರು. ಮುಖ ಒಂದೇ, ಬೆಲೆ ಬೇರೆ. ಪಠ್ಯಪುಸ್ತಕ ಮುಖಬೆಲೆ, ಸ್ಥಾನಬೆಲೆ ಎನ್ನುವುದು ಇದನ್ನೇ. "ಸೊನ್ನೆ ಅಂದ್ರೆ ಏನೂ ಇಲ್ಲ ತಾನೆ, ತೆಗೆದುಬಿಡೋಣ" ಎಂದು ತೆಗೆದು, ಉಳಿದೆರಡನ್ನು ಪಕ್ಕಪಕ್ಕಕ್ಕೆ ತಂದರೆ 33. ನಾಯರ್ ಅವರ 270 ರನ್ ಮಾಯ! ಮಕ್ಕಳು ಜಗಳಕ್ಕೇ ಬಂದರು.

ಅದೇ ಇನ್ನಿಂಗ್ಸ್‌ನಲ್ಲಿ ಹಿಂದಿನ ದಿನ ಕೆ.ಎಲ್. ರಾಹುಲ್ 199ಕ್ಕೆ ಔಟಾದರು. ಇನ್ನೊಂದೇ ರನ್ ಬಂದಿದ್ದರೆ ಏನಾಗುತ್ತಿತ್ತು ಎಂದು ಮೊಳೆಯ ಮೇಲೆ ಮಾಡಿ ತೋರಿಸಬೇಕು. ಬಿಡಿ ಮೊಳೆಯಲ್ಲಿ ಒಂಬತ್ತಾದ ಮೇಲೆ ರಟ್ಟು ಇಲ್ಲ. ಅಲ್ಲಿ ಸೊನ್ನೆ, ಪಕ್ಕದವನಿಗೆ ಒಂದು. ಪಕ್ಕದವನ ಬಳಿಯೂ ಒಂಬತ್ತೇ, ಅವನೂ ಸೊನ್ನೆಯಾಗಿ ಆಚೆಯವನಿಗೆ ಒಂದು ಕೊಟ್ಟ. ಒಂದು ರನ್ನಿಗೆ ಮೂರು ರಟ್ಟೂ ಬದಲು. 'ದಶಕ' ಎಂದು ಕಣ್ಣುಮುಚ್ಚಿ ಮೇಲೆ ಒಂದು ಬರೆಯುವ ಮಕ್ಕಳಿಗೆ ಆ ಒಂದು ಎಲ್ಲಿಂದ ಬಂತು ಎಂಬುದು ಇಲ್ಲಿ ಕೈಗೇ ಸಿಗುತ್ತದೆ.

ಯಾವ ಸಂಖ್ಯೆ ದೊಡ್ಡದು ಎಂಬ ಪ್ರಶ್ನೆಗೆ ನಮ್ಮ ಆರ್‌ಸಿಬಿ ಇದೆ. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ರಿಸ್ ಗೇಲ್ ಒಬ್ಬರೇ 175 ಹೊಡೆದಾಗ ತಂಡದ ಮೊತ್ತ 263. ಸರಿಯಾಗಿ ನಾಲ್ಕು ವರ್ಷದ ಮೇಲೆ, 2017ರ ಅದೇ ಏಪ್ರಿಲ್ 23ರಂದು ಕೋಲ್ಕತ್ತದಲ್ಲಿ ಎಲ್ಲರೂ ಸೇರಿ 49. ಒಂದನೆಯ ತರಗತಿಯ ಒಬ್ಬ ಪುಟ್ಟ, 49ರಲ್ಲಿ ಒಂಬತ್ತಿದೆ, 263ರಲ್ಲಿ ಆರಕ್ಕಿಂತ ದೊಡ್ಡದಿಲ್ಲ, ಆದ್ದರಿಂದ 49 ದೊಡ್ಡದು ಎಂದು ವಾದಿಸಿದ. ಅವನ ಅಣ್ಣ ತಲೆ ಚಚ್ಚಿಕೊಂಡ. ನಾನು ಪುಟ್ಟನ ಪಕ್ಷ. ಅವನು ಯೋಚನೆ ಮಾಡಿದ್ದಾನೆ, ನೋಡಬೇಕಾದ ಮೊಳೆ ಯಾವುದೆಂದು ಅವನಿಗೆ ಯಾರೂ ತೋರಿಸಿಲ್ಲ, ಅಷ್ಟೆ. ಹೋಲಿಸುವಾಗ ಎಡಗಡೆಯಿಂದ ನೋಡಬೇಕು. ಬಿ.ಎಸ್. ಚಂದ್ರಶೇಖರ್ ತಮ್ಮ 58 ಟೆಸ್ಟ್‌ಗಳಲ್ಲಿ ಪಡೆದ ವಿಕೆಟ್ 242, ಬ್ಯಾಟಿನಿಂದ ಹೊಡೆದ ರನ್ 167. ವಿಕೆಟ್ಟೇ ಹೆಚ್ಚು! ಎಡ ಮೊಳೆಯ ಎರಡು, ಒಂದು ನೋಡಿದರೆ ಸಾಕು, ಮುಂದಿನದು ನೋಡಬೇಕಾಗಿಲ್ಲ.

ಕುಂಬ್ಳೆಯವರ 619 ಟೆಸ್ಟ್ ವಿಕೆಟ್‌ಗಳನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಕೊಡಿ. 6, 1, 9 ಈ ಮೂರು ರಟ್ಟನ್ನು ಅದಲುಬದಲು ಮಾಡಿದರೆ ಅತಿ ದೊಡ್ಡದು 961, ಅತಿ ಚಿಕ್ಕದು 169. ನಡುವೆ 196 ಕೂಡ ಬರುತ್ತದೆ. ಈ ಮೂರೂ ವರ್ಗಸಂಖ್ಯೆಗಳು: 31, 13 ಮತ್ತು 14ರ ವರ್ಗ. ಇದಕ್ಕೂ ಸ್ಥಾನಬೆಲೆಗೂ ನಂಟಿಲ್ಲ, ಚೆಂದವಿದೆ ಎಂದು ಹೇಳಿದೆ.

ಕುಂಬ್ಳೆಯವರ ಇನ್ನೊಂದು ಅಂಕಿಯ ಬಗ್ಗೆ ಎಚ್ಚರಿಕೆ ಬೇಕು. 1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ ಅವರು ಹಾಕಿದ ಓವರ್ 26.3. ದಶಮಾಂಶ ಕಲಿತ ಐದನೆಯ ತರಗತಿಯವರು ಇದನ್ನು ಇಪ್ಪತ್ತಾರು ಮತ್ತು ಹತ್ತರಲ್ಲಿ ಮೂರು ಎಂದುಬಿಡುತ್ತಾರೆ. ಅಲ್ಲ. ಅದು 26 ಓವರ್ ಮತ್ತು 3 ಎಸೆತ, ಅಂದರೆ ಇಪ್ಪತ್ತಾರೂವರೆ ಓವರ್. ಆರರಂತೆ ಲೆಕ್ಕ ಹಾಕಿದರೆ 156, ಮೇಲೆ 3, ಒಟ್ಟು 159 ಎಸೆತ. 26.5 ಆದ ಮೇಲೆ 26.6 ಬರುವುದಿಲ್ಲ, ನೇರ 27. ಈ ಮೊಳೆಯಲ್ಲಿ ಐದರ ಮೇಲೆ ರಟ್ಟಿಲ್ಲ! ನಾವು ಹತ್ತಕ್ಕೆ ಕಟ್ಟು ಕಟ್ಟುತ್ತೇವೆ, ಅಂಪೈರು ಆರಕ್ಕೆ ಕಟ್ಟುತ್ತಾರೆ.

ಬೋರ್ಡಿನಲ್ಲಿ ಜಾಗ ಸಾಲದಿದ್ದರೆ ಏನಾಗುತ್ತದೆ ಎಂಬುದನ್ನು ಇಡೀ ಜಗತ್ತು ಒಮ್ಮೆ ನೋಡಿದೆ. 1976ರ ಜುಲೈನಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್. ರುಮೇನಿಯಾದ ನಾಡಿಯಾ ಕೊಮನೇಚಿ, ಹದಿನಾಲ್ಕು ವರ್ಷದ ಹುಡುಗಿ, ಜಿಮ್ನಾಸ್ಟಿಕ್ಸ್‌ನಲ್ಲಿ ಹತ್ತಕ್ಕೆ ಹತ್ತು ಪಡೆದಳು. ಒಲಿಂಪಿಕ್ಸ್‌ನಲ್ಲಿ ಹಿಂದೆ ಯಾರಿಗೂ ಅಷ್ಟು ಸಿಕ್ಕಿರಲಿಲ್ಲ. ಬೋರ್ಡಿನಲ್ಲಿ ಚುಕ್ಕೆಯ ಎಡಕ್ಕೆ ಒಂದೇ ಅಂಕಿಗೆ ಜಾಗ. 9.95 ತೋರಿಸಬಲ್ಲ ಬೋರ್ಡ್ 10.00 ತೋರಿಸಲಾರದೆ 1.00 ಎಂದು ತೋರಿಸಿತು. ಜನ ಒಂದು ಕ್ಷಣ ಕಕ್ಕಾಬಿಕ್ಕಿ. ನಮ್ಮ ಹುಡುಗಿ ಈ ಕಥೆಯನ್ನು ಮೂರು ಸಲ ಹೇಳಿಸಿಕೊಂಡಳು. "ಅವರಿಗೂ ಮೊಳೆ ಸಾಲ್ಲಿಲ್ವಾ ತಾತ?"

ಈ ಬೀದಿಯ ಮಕ್ಕಳ ಕಿವಿಗೆ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ ಎಲ್ಲವೂ ಬೀಳುತ್ತವೆ. ಕನ್ನಡದಲ್ಲಿ 'ಇಪ್ಪತ್ತನಾಲ್ಕು' ಎಂದರೆ ಹತ್ತರ ಸ್ಥಾನ ಮೊದಲು, ಬಿಡಿ ಆಮೇಲೆ. ಬರೆಯುವ ಕ್ರಮವೂ ಅದೇ. ಹಿಂದಿಯ 'ಚೌಬೀಸ್'ನಲ್ಲಿ ನಾಲ್ಕೇ ಮೊದಲು ಕೇಳಿಸುತ್ತದೆ. 'ಉನ್ತೀಸ್' ಎಂದರೆ ಮೂವತ್ತಕ್ಕೆ ಒಂದು ಕಡಿಮೆ. ಜರ್ಮನ್ ಮಕ್ಕಳಿಗೂ ಇದೇ ಪಾಡು, ಅವರು ನಾಲ್ಕು ಮತ್ತು ಇಪ್ಪತ್ತು ಎನ್ನುತ್ತಾರೆ. ಆದ್ದರಿಂದ ಮೊಮ್ಮಗು 24ನ್ನು 42 ಎಂದು ಬರೆದರೆ, ಅದು ಯಾವ ಭಾಷೆಯಲ್ಲಿ ಎಣಿಸಿತು ಎಂದು ಮೊದಲು ವಿಚಾರಿಸಿ. ಅಂದಹಾಗೆ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ನಮಗೆ ಸದ್ಯಕ್ಕೆ ಮೂರು ಸಾಕು.

ಒಂದು ಮಾತು ಅಜ್ಜಂದಿರಿಗೆ. ಮೊಮ್ಮಗ "ದ್ರಾವಿಡ್ 164 ಟೆಸ್ಟ್, 13,288 ರನ್" ಎಂದು ಗಿಣಿಯ ಹಾಗೆ ಒಪ್ಪಿಸಿದರೆ ಹಿಗ್ಗಬೇಡಿ. "ಅದರಲ್ಲಿ ಎಷ್ಟು ನೂರುಗಳಿವೆ?" ಎಂದು ಕೇಳಿ. ಸಾಮಾನ್ಯವಾಗಿ 'ಎರಡು' ಎಂಬ ಉತ್ತರ ಬರುತ್ತದೆ. ನೂರರ ಮೊಳೆಯಲ್ಲಿರುವುದು ಎರಡೇ. ಆದರೆ ನೂರು ನೂರರ ಕಟ್ಟು ಕಟ್ಟಿದರೆ 132 ಕಟ್ಟು ಆಗಿ 88 ಉಳಿಯುತ್ತದೆ. ಇದು ಹೊಳೆದ ಮಗುವಿಗೆ ಸ್ಥಾನಬೆಲೆ ಗೊತ್ತು. ಸರಾಸರಿ, ಸ್ಟ್ರೈಕ್ ರೇಟ್ ಎಂದು ಮೂರನೆಯ ತರಗತಿಯವರ ತಲೆ ಕೆಡಿಸುವುದು ಮಾತ್ರ ಬೇಡ.

ಬ್ರಾಡ್ಮನ್ ಕಥೆಗೆ ಮಾತ್ರ ವಿನಾಯಿತಿ ಕೊಡುತ್ತೇನೆ. 1948ರ ಆಗಸ್ಟ್‌ನಲ್ಲಿ ಓವಲ್ ಮೈದಾನದ ಕೊನೆಯ ಇನ್ನಿಂಗ್ಸ್‌ಗೆ ಬಂದಾಗ ಅವರ ಟೆಸ್ಟ್ ರನ್ 6996. ನಾಲ್ಕು ರನ್ ಹೊಡೆದಿದ್ದರೆ 7000; ಔಟಾದದ್ದು 70 ಸಲ, ಆದ್ದರಿಂದ ಸರಾಸರಿ ಸರಿಯಾಗಿ ನೂರು ಆಗುತ್ತಿತ್ತು. ಎರಿಕ್ ಹೋಲಿಸ್ ಅವರ ಎರಡನೆಯ ಎಸೆತಕ್ಕೆ ಬೌಲ್ಡ್, ಸೊನ್ನೆ. ಸರಾಸರಿ 99.94ಕ್ಕೆ ನಿಂತಿತು. ಈ ಕಥೆಗಾಗಿ ನಾಲ್ಕನೆಯ ಮೊಳೆ ಹೊಡೆದೆವು. 6996ಕ್ಕೆ ನಾಲ್ಕು ಸೇರಿಸಿ ಎಂದೆ. ಹುಡುಗಿ ಬಲಗಡೆಯಿಂದ ಒಂದೊಂದೇ ರಟ್ಟು ಸೊನ್ನೆ ಮಾಡುತ್ತಾ ಹೋಗಿ, ಕೊನೆಗೆ ಆರು ತೆಗೆದು ಏಳು ಹಾಕಿದಳು. ಒಂದು ಬೌಂಡರಿಗೆ ನಾಲ್ಕೂ ಬದಲು. "ಪಾಪ" ಎಂದಳು.

ಈಗ ಭಾನುವಾರದ ಆಟಕ್ಕೆ ಅವಳೇ ಸ್ಕೋರರ್. ದೊಡ್ಡ ಹುಡುಗರು 59ರ ಮೇಲೆ ನಾಲ್ಕು ಹೊಡೆದು 64 ಎಂದು ಕೂಗಿದರೆ ಬಿಡುವುದಿಲ್ಲ, ರಟ್ಟು ಹಿಡಿದು ಹಟ ಮಾಡುತ್ತಾಳೆ. ತರಗತಿಯಲ್ಲಿ ಬೋರ್ಡಿನ ಹತ್ತಿರ ಇನ್ನೂ ಹೋಗಿಲ್ಲ. ಆದರೆ ಗಣಿತದ ದಿನ ಹೊಟ್ಟೆನೋವು ಬಂದು ಒಂದು ತಿಂಗಳಾಯಿತು ಎಂದು ಅಜ್ಜಿ ಹೇಳಿದರು.

ಹೋದ ವಾರ ಅವಳದೊಂದು ಪ್ರಶ್ನೆ. ಬಳೇಪೇಟೆಯಲ್ಲಿ ಬಳೆ ಎಣಿಸುವುದು ಡಜನ್ನಿನಲ್ಲಿ. ಹನ್ನೆರಡಕ್ಕೆ ಒಂದು ಕಟ್ಟು, ಹನ್ನೆರಡು ಡಜನ್ನಿಗೆ ಒಂದು ಗ್ರೋಸ್. "ತಾತ, ಓವರ್ ಥರಾನೇ ಬಳೆಗೂ ಬೋರ್ಡ್ ಮಾಡೋಣ್ವಾ? ಆದ್ರೆ ಐದು ಡಜನ್ನು ಹನ್ನೊಂದು ಬಳೆ ಇದ್ರೆ, ಹನ್ನೊಂದಕ್ಕೆ ಎರಡು ರಟ್ಟು ಬೇಕಲ್ಲ, ಮೊಳೆ ಒಂದೇ ಇದೆಯಲ್ಲ?"

ನಾನು ಉತ್ತರ ಹೇಳುವಷ್ಟರಲ್ಲಿ ಅವಳೇ ಎರಡು ಹೊಸ ರಟ್ಟು ಕತ್ತರಿಸಿದಳು. ಹತ್ತಕ್ಕೆ ಒಂದು ಕೆಂಪು ಬಳೆಯ ಚಿತ್ರ, ಹನ್ನೊಂದಕ್ಕೆ ಒಂದು ಹಸಿರು ಬಳೆ.