ಕಿರುಗುದುರೆಯ ಕಣಪ್ರವೇಶ

ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಸಿರುವ ಕನ್ನಡಿಗ ಓದುಗರೊಬ್ಬರು ನನಗೆ ಕಾಗದ ಬರೆದು, ತಮ್ಮ ಮಗಳು ಮಿನಿಯೇಚರ್ ಜಾತಿಯ ಕಿರುಗುದುರೆಯೊಂದನ್ನು ಬರುವ ವಸಂತದ ಪ್ರದರ್ಶನದಲ್ಲಿ ಕಣಕ್ಕಿಳಿಸಬೇಕೆಂದು ಹಟ ತೊಟ್ಟಿರುವ ಸಂಗತಿಯನ್ನು ತಿಳಿಸಿ, ಮೂರು ಪ್ರಶ್ನೆಗಳನ್ನು ಕೇಳಿದ್ದಾರೆ. ಇಂಥ ಕುದುರೆಗಳನ್ನು ಮರಿಯಾಗಿದ್ದಾಗಿನಿಂದ ಅರೆಹೊಟ್ಟೆಯಲ್ಲಿಟ್ಟು ಗಿಡ್ಡವಾಗಿ ಬೆಳೆಸುತ್ತಾರೆಂಬುದು ನಿಜವೆ? ಪ್ರದರ್ಶನಕ್ಕೆ ಮುಂಚೆ ಅದರ ಹೊಟ್ಟೆ ಕರಗಿಸಲು ಕೆಲವು ದಿನ ಮೇವು ನಿಲ್ಲಿಸಬಹುದೆ? ಕೊಳ್ಳುವುದಕ್ಕೆ ಮೊದಲು ಸುಳಿ ನೋಡಿಸಿರೆಂದು ಊರಿನಿಂದ ಅಜ್ಜಿ ಹೇಳಿ ಕಳುಹಿಸಿದ್ದಾರೆ, ನೋಡಿಸಬೇಕೆ? ಮೂರಕ್ಕೂ ನನ್ನ ಉತ್ತರ ಒಂದೇ: ಅಲ್ಲ, ಕೂಡದು, ಬೇಡ. ಆದರೆ ಈ ನಿಷೇಧಗಳ ಹಿಂದೆ ಅಡಗಿರುವ ವಿಜ್ಞಾನವು ಎಷ್ಟು ರಮ್ಯವಾದುದೆಂದರೆ, ಬರಿಯ ನಿಷೇಧವನ್ನು ಹೇಳಿ ಕಾಗದವನ್ನು ಮಡಿಸಿಡಲು ನನಗೆ ಮನಸ್ಸು ಬಾರದು.

1978ರಲ್ಲಿ ಸ್ಥಾಪಿತವಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ ಎಂಬ ಸಂಘದ ನಿಯಮದಂತೆ ಬೆಳೆದ ಕುದುರೆಯ ಎತ್ತರ 34 ಅಂಗುಲವನ್ನು, ಅಂದರೆ ಸುಮಾರು 86 ಸೆಂಟಿಮೀಟರನ್ನು, ಮೀರಕೂಡದು. ನಮ್ಮ ಕುಣಿಗಲಿನ ಅಶ್ವಶಾಲೆಯಲ್ಲಿ ಬೆಳೆಯುವ ಪಂದ್ಯದ ಕುದುರೆ ಸುಮಾರು 64 ಅಂಗುಲ ಎತ್ತರವಿರುವುದನ್ನು ನೆನೆದರೆ ಈ ಪ್ರಾಣಿ ಅದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಉಳಿದೆಲ್ಲ ಕುದುರೆಗಳನ್ನು ಹೆಗಲಿನ ಉಬ್ಬಿನ ತುದಿಯಿಂದ ಅಳೆಯುವರಾದರೆ, ಇದನ್ನು ಮಾತ್ರ ಅಯಾಲಿನ ಕಟ್ಟಕಡೆಯ ಕೂದಲು ಹುಟ್ಟುವ ಸ್ಥಳದಿಂದ ನೆಲದವರೆಗೆ ಅಳೆಯುವುದು ಈ ಜಾತಿಗೇ ವಿಶಿಷ್ಟವಾದ ಪದ್ಧತಿ.

ಅರೆಹೊಟ್ಟೆಯ ಕಥೆಗೆ ಬರೋಣ. ಕಿರುಗುದುರೆಯ ಪೂರ್ವಜರಲ್ಲಿ ಮುಖ್ಯವಾದುದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಗಿಡ್ಡ ತಳಿ. ಶೀತಮಾರುತವೂ ಬಡ ಹುಲ್ಲುಗಾವಲೂ ಆಳುವ ಆ ನೆಲದಲ್ಲಿ ಅಲ್ಪಾಹಾರದಿಂದ ಬದುಕಬಲ್ಲ ಚಿಕ್ಕ ಪ್ರಾಣಿಗಳೇ ತಲೆಮಾರಿನಿಂದ ತಲೆಮಾರಿಗೆ ಸಂತತಿಯನ್ನು ಬಿಟ್ಟುಹೋದವು. ಮುಂದೆ 1842ರಲ್ಲಿ ಬ್ರಿಟನ್ನಿನ ಶಾಸನವು ಸ್ತ್ರೀಯರನ್ನೂ ಹತ್ತು ವರ್ಷಕ್ಕಿಂತ ಕಿರಿಯ ಹುಡುಗರನ್ನೂ ಕಲ್ಲಿದ್ದಲ ಗಣಿಗಳ ಒಳಗೆ ದುಡಿಸಕೂಡದೆಂದು ವಿಧಿಸಿದಾಗ, ತಗ್ಗಾದ ಸುರಂಗಗಳಲ್ಲಿ ಗಾಡಿ ಎಳೆಯಲು ಗಿಡ್ಡವೂ ಬಲಿಷ್ಠವೂ ಆದ ಕುದುರೆಗಳಿಗೆ ಬೇಡಿಕೆ ಹೆಚ್ಚಿತು. ತಳಿಗಾರರು ಇನ್ನೂ ಚಿಕ್ಕವನ್ನು ಆಯ್ದು ಕೂಡಿಸತೊಡಗಿದರು. ಹೀಗೆ ಕುಳ್ಳುತನವು ಬಂದುದು ವಂಶದಿಂದಲೇ ಹೊರತು ಯಾವ ಒಂದು ಮರಿಯ ಹಸಿವಿನಿಂದಲೂ ಅಲ್ಲ. ದೊಡ್ಡ ತಳಿಯ ಮರಿಯೊಂದನ್ನು ಹಸಿವಿನಲ್ಲಿ ಬೆಳೆಸಿದರೆ ರೋಗಿಷ್ಠ ಕುದುರೆಯು ದೊರಕೀತು, ಕಿರುಗುದುರೆಯು ದೊರಕದು. ಮತ್ತು ಅದರ ಹೊಟ್ಟೆಯಲ್ಲಿ ಹುಟ್ಟಿದ ಮರಿಯು ಹೊಟ್ಟೆತುಂಬ ಮೇದರೆ ತನ್ನ ಅಜ್ಜನಷ್ಟೇ ಎತ್ತರ ಬೆಳೆಯುವುದು.

2015ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಈ ಮಾತಿಗೆ ಮುದ್ರೆಯೊತ್ತಿತು. ಶೆಟ್ಲೆಂಡ್ ಕುದುರೆಗಳಲ್ಲಿಯೂ ಇತರ ಗಿಡ್ಡ ತಳಿಗಳಲ್ಲಿಯೂ ಎಚ್‌ಎಂಜಿಎ-2 ಎಂಬ ಜೀನಿನ ಒಂದೇ ಒಂದು ಅಕ್ಷರವು ವ್ಯತ್ಯಾಸಗೊಂಡು ದೇಹದ ಎತ್ತರವನ್ನು ಕುಗ್ಗಿಸಿರುವುದು ಅದರಿಂದ ಕಂಡುಬಂದಿತು. ಇದೇ ಜೀನು ಕೆಟ್ಟುಹೋದ ಇಲಿಗಳು ಅವಯವಗಳೆಲ್ಲ ಸಮಪ್ರಮಾಣದಲ್ಲಿದ್ದು ಗಾತ್ರದಲ್ಲಿ ಮಾತ್ರ ಪುಟ್ಟದಾಗಿ ಬೆಳೆಯುತ್ತವೆಂಬುದು ಪ್ರಯೋಗಶಾಲೆಗಳಿಗೆ ಮೊದಲೇ ತಿಳಿದಿತ್ತು. ಅಟ್ಲಾಂಟಿಕ್ ದ್ವೀಪದ ಕುದುರೆಯನ್ನೂ ಪಂಜರದ ಇಲಿಯನ್ನೂ ಒಂದೇ ಸೂತ್ರದಲ್ಲಿ ಪೋಣಿಸಿರುವ ಪ್ರಕೃತಿಯ ಈ ಮಿತವ್ಯಯವನ್ನು ಕಂಡು ಯಾರಿಗೆ ತಾನೆ ಆನಂದವಾಗದು!

ಆದರೆ ಕುಳ್ಳಾಗಿರುವುದೆಲ್ಲ ಒಂದೇ ಬಗೆಯದಲ್ಲ. ಹೊಸಬರು ಎಡವುವುದು ಇಲ್ಲಿಯೇ. ಎಷ್ಟು ಚಿಕ್ಕದೋ ಅಷ್ಟು ಶ್ರೇಷ್ಠವೆಂಬ ಭಾವನೆ ಬಲವಾಗಿ ಹಬ್ಬಿದೆ. ಸಂಘದ ಲಕ್ಷಣಸೂತ್ರದಲ್ಲಿಯೂ ಎರಡು ಕುದುರೆಗಳು ಉಳಿದೆಲ್ಲ ಗುಣಗಳಲ್ಲಿ ಸರಿಸಮವಾಗಿದ್ದರೆ ಗಿಡ್ಡವಾದುದಕ್ಕೆ ಪ್ರಾಶಸ್ತ್ಯ ಕೊಡಬೇಕೆಂಬ ಮಾತು ಉಂಟು. ಜನರು ಆ ವಾಕ್ಯದ ಉತ್ತರಾರ್ಧವನ್ನು ಕಂಠಪಾಠ ಮಾಡಿ ಪೂರ್ವಾರ್ಧವನ್ನು ಮರೆತಿದ್ದಾರೆ. ಉಳಿದೆಲ್ಲ ಗುಣಗಳೆಂದರೆ ಕತ್ತಿನ ನೀಳ, ನೆಟ್ಟಗಿನ ಕಾಲುಗಳು, ಸರಿಯಾಗಿ ಕೂಡುವ ಹಲ್ಲುಗಳು, ಅಂಗಾಂಗಗಳ ಪರಸ್ಪರ ಸಾಮರಸ್ಯ. ಅಂದರೆ ಪಕ್ಕದಲ್ಲಿ ಮನುಷ್ಯನನ್ನಾಗಲಿ ಗಿಡವನ್ನಾಗಲಿ ನಿಲ್ಲಿಸದೆ ತೆಗೆದ ಭಾವಚಿತ್ರವನ್ನು ನೋಡಿದವನು ಅದನ್ನು ಪೂರ್ಣಗಾತ್ರದ ಕುದುರೆಯೆಂದೇ ನಂಬುವಂತಿರಬೇಕು.

ಇದಕ್ಕೆ ವಿರುದ್ಧವಾದುದು ವಾಮನರೋಗ. ಕೀಲೆಲುಬುಗಳ ಮೃದ್ವಸ್ಥಿಗೆ ಬೇಕಾದ ಆಗ್ರಿಕನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವುಂಟಾದರೆ ಮರಿಯು ಉಬ್ಬಿದ ಹಣೆ, ಮುಂಚಾಚಿದ ಕೆಳದವಡೆ, ಮೊಟಕು ಕತ್ತು, ಸೊಟ್ಟ ಕಾಲುಗಳೊಂದಿಗೆ ಹುಟ್ಟುವುದು. ಮಿನಿಯೇಚರ್ ಕುದುರೆಗಳಲ್ಲಿ ಇಂಥ ನಾಲ್ಕು ದೋಷಗಳನ್ನು ಕೆಂಟಕಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2018ರಲ್ಲಿ ವರದಿ ಮಾಡಿದರು. ದೋಷದ ಒಂದು ಪ್ರತಿ ಮಾತ್ರ ಇರುವ ಕುದುರೆ ನೋಟಕ್ಕೆ ನಿರ್ದೋಷಿ. ಅಂಥ ಎರಡನ್ನು ಕೂಡಿಸಿದಾಗ ರೋಗವು ಮರಿಯಲ್ಲಿ ತಲೆಯೆತ್ತಬಹುದು, ಕೆಲವು ಸಂದರ್ಭಗಳಲ್ಲಿ ಮರಿಯು ಹುಟ್ಟುವ ಮೊದಲೇ ಸಾಯಬಹುದು. ಗಿನ್ನೆಸ್ ದಾಖಲೆಯಲ್ಲಿ ಅತ್ಯಂತ ಕುಳ್ಳ ಕುದುರೆಯೆಂದು ಹೆಸರು ಪಡೆದ, ಹದಿನೇಳೂವರೆ ಅಂಗುಲದ ಥಂಬೆಲಿನಾ ಸಹ ಇಂಥ ವಾಮನವೇ. ಲೋಕವೆಲ್ಲ ಅದನ್ನು ಮುದ್ದಾಡಿತು. ಆದರೆ ವಾಮನಲಕ್ಷಣವುಳ್ಳ ಕುದುರೆಗೆ ಪ್ರದರ್ಶನದ ಕಣದಲ್ಲಿ ಸ್ಥಾನವಿಲ್ಲ, ಇರಲೂ ಕೂಡದು. ಮುದ್ದಿನ ಆಸೆಗಾಗಿ ನೋವನ್ನು ತಳಿಯಾಗಿ ಬೆಳೆಸುವುದು ಪ್ರಾಣಿಪ್ರೀತಿಯಲ್ಲ.

ಇನ್ನು ಎರಡನೆಯ ಪ್ರಶ್ನೆ. ಇದು ಪ್ರಾಣಾಪಾಯದ ವಿಷಯವಾದ್ದರಿಂದ ನಿಧಾನವಾಗಿ ಹೇಳುವೆನು. ಕಿರುಗುದುರೆ ಬಡ ಹುಲ್ಲಿನಿಂದಲೇ ಕೊಬ್ಬು ಕೂಡಿಡಬಲ್ಲ ವಂಶದ್ದು. ಸೊಂಪಾದ ಹುಲ್ಲುಗಾವಲಿಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಊದಿಕೊಳ್ಳುವುದು. ಇದನ್ನು ಕಂಡು ಗಾಬರಿಯಾದ ಹೊಸಬರು ಮೇವನ್ನು ಹಠಾತ್ತನೆ ನಿಲ್ಲಿಸುತ್ತಾರೆ. ಆಗ ದೇಹವು ಕೂಡಿಟ್ಟ ಕೊಬ್ಬನ್ನು ಒಮ್ಮೆಲೇ ಬಿಡುಗಡೆ ಮಾಡುವುದು. ಅದೆಲ್ಲ ಯಕೃತ್ತಿಗೆ ಹರಿದು ಅಲ್ಲಿಂದ ಬೇರೊಂದು ರೂಪದಲ್ಲಿ ಮತ್ತೆ ರಕ್ತಕ್ಕೆ ಸೇರುವುದು. ದೊಡ್ಡ ಕುದುರೆಗಳಲ್ಲಿ ಇದು ವಿರಳ. ಕಿರುಗುದುರೆ, ಶೆಟ್ಲೆಂಡ್ ಮತ್ತು ಕತ್ತೆಗಳಲ್ಲಿ, ವಿಶೇಷವಾಗಿ ಗಬ್ಬದ ಹೆಣ್ಣುಗಳಲ್ಲಿ, ಈ ಪ್ರವಾಹಕ್ಕೆ ತಡೆಯೇ ಇಲ್ಲದಂತಾಗುವುದು. ಅಂಥ ಕುದುರೆಯ ರಕ್ತವನ್ನು ಗಾಜಿನ ನಳಿಕೆಯಲ್ಲಿ ತೆಗೆದು ಸ್ವಲ್ಪ ಹೊತ್ತು ನಿಲ್ಲಿಸಿದರೆ, ಕೆಂಪುಕಣಗಳು ಕೆಳಗಿಳಿದ ಮೇಲೆ ತಿಳಿಯಾಗಿ ಹೊನ್ನಿನ ಬಣ್ಣದಲ್ಲಿರಬೇಕಾದ ಮೇಲಣ ದ್ರವವು ಹಾಲಿನಂತೆ ಬೆಳ್ಳಗೆ ಮಸಕಾಗಿ ನಿಲ್ಲುವುದು. ಸೂಕ್ಷ್ಮದರ್ಶಕ ಬೇಕಿಲ್ಲ, ಬರಿಗಣ್ಣಿಗೇ ಕಾಣುವುದು. ಯಕೃತ್ತು ಕೊಬ್ಬಿನಿಂದ ತುಂಬಿ ಸೋತರೆ ಪ್ರಾಣಿಯನ್ನು ಉಳಿಸುವುದು ಬಲು ಕಷ್ಟ. ಆದಕಾರಣ ತೂಕವನ್ನು ಇಳಿಸಬೇಕಾದರೆ ಒಣಹುಲ್ಲನ್ನು ತೂಗಿ ಕೊಟ್ಟು, ದಿನವೂ ನಡೆಸಿ, ತಿಂಗಳುಗಟ್ಟಲೆ ಸಾವಕಾಶವಾಗಿ ಇಳಿಸಬೇಕು. ಚಳಿಗಾಲದ ದಟ್ಟ ಕೂದಲು ಕಣ್ಣನ್ನು ವಂಚಿಸುವುದರಿಂದ ಅಂಗೈಯನ್ನು ಪಕ್ಕೆಯ ಮೇಲೊತ್ತಿ ನೋಡತಕ್ಕದ್ದು: ಪಕ್ಕೆಲುಬುಗಳು ಬೆರಳಿಗೆ ಸಿಗಬೇಕು, ಕಣ್ಣಿಗೆ ಕಾಣಕೂಡದು.

ಕಣದೊಳಗಿನ ಸಂಗತಿಗೆ ಬಂದರೆ, ಹಾಲ್ಟರ್ ಎಂಬ ವಿಭಾಗದಲ್ಲಿ ಪರೀಕ್ಷೆಗೊಳಗಾಗುವುದು ಕುದುರೆಯ ಶರೀರ. ಅದನ್ನು ನಡೆಸಿ, ಕುಕ್ಕುಲೋಟದಲ್ಲಿ ಓಡಿಸಿ, ಸಾಲಿನಲ್ಲಿ ನಿಲ್ಲಿಸಿ, ಕಾಲನ್ನೂ ಬಾಯನ್ನೂ ತೀರ್ಪುಗಾರರು ನೋಡುವರು. ಲಿಬರ್ಟಿ ಎಂಬುದರಲ್ಲಿ ಹಗ್ಗವನ್ನು ಕಳಚಿ, ಸಂಗೀತಕ್ಕೆ ಸ್ವಚ್ಛಂದವಾಗಿ ಓಡಲು ಬಿಟ್ಟು, ಕೊನೆಗೆ ಗೊತ್ತಾದ ಸಮಯದೊಳಗೆ ಹಿಡಿಯಬೇಕು. ಹೊಸಬರಿಗೆ ನಾನು ಒತ್ತಿ ಹೇಳುವುದು ಶೋಮನ್‌ಶಿಪ್ ವಿಭಾಗವನ್ನು. ಏಕೆಂದರೆ ಅಲ್ಲಿ ಅಂಕ ದೊರೆಯುವುದು ಕುದುರೆಯ ಬೆಲೆಗಲ್ಲ, ಹಿಡಿದವರ ಕೌಶಲಕ್ಕೆ.

ಅಲ್ಲಿನ ಒಂದು ನಿಯಮ ನನಗೆ ಅತ್ಯಂತ ಪ್ರಿಯವಾದುದು. ಕುದುರೆಯ ಬೆನ್ನಿನುದ್ದಕ್ಕೆ ಒಂದು ಗೆರೆಯನ್ನೂ ಹೆಗಲಿಗೆ ಅಡ್ಡಲಾಗಿ ಇನ್ನೊಂದನ್ನೂ ಕಲ್ಪಿಸಿಕೊಂಡರೆ ಸುತ್ತಲ ನೆಲ ನಾಲ್ಕು ಪಾಲಾಗುವುದು. ತೀರ್ಪುಗಾರರು ಮುಂಭಾಗದ ಪಾಲಿನಲ್ಲಿದ್ದರೆ ಹಿಡಿದವರು ಎದುರು ಮಗ್ಗುಲಿನಲ್ಲಿಯೂ, ಹಿಂಭಾಗದ ಪಾಲಿಗೆ ಹೋದರೆ ಅವರಿರುವ ಮಗ್ಗುಲಿನಲ್ಲಿಯೂ ನಿಲ್ಲಬೇಕು. ನಾನು ನೋಡಿದ ಪ್ರದರ್ಶನವೊಂದರಲ್ಲಿ ಪುಟ್ಟ ಹುಡುಗಿಯೊಬ್ಬಳು, ಕಣ್ಣನ್ನು ತೀರ್ಪುಗಾರರ ಮೇಲಿಂದ ತೆಗೆಯದೆ, ಅವರು ಒಂದು ಗೆರೆಯನ್ನು ದಾಟಿದೊಡನೆ ಮೂರೇ ಹೆಜ್ಜೆಯಲ್ಲಿ ಕುದುರೆಯ ಮುಂದಿನಿಂದ ಆಚೆ ಮಗ್ಗುಲಿಗೆ ಸರಿದು, ಹಗ್ಗವನ್ನು ಸಡಿಲವಾಗಿಯೇ ಇರಿಸಿಕೊಂಡು ನಿಂತಳು; ಕುದುರೆಯ ಒಂದು ಗೊರಸೂ ಕದಲಲಿಲ್ಲ. ನೋಡುವವರಿಗೆ ನೃತ್ಯದಂತೆ ತೋರುವ ಈ ನಿಯಮದ ಮೂಲ ಶುದ್ಧ ಯಂತ್ರಶಾಸ್ತ್ರ. ಬೆದರಿದ ಕುದುರೆಯ ತಲೆಯನ್ನು ತನ್ನತ್ತ ಎಳೆದರೆ ಅದರ ಹಿಂಗಾಲುಗಳು ಆಚೆಯ ಮಗ್ಗುಲಿಗೆ ತಿರುಗುವುವು. ಹಿಂದೆ ನಿಂತ ತೀರ್ಪುಗಾರರು ಹಿಡಿದವರ ಮಗ್ಗುಲಿನಲ್ಲಿಯೇ ಇದ್ದರೆ ಒದೆ ಅವರಿಗೆ ತಾಗದು. ಮುಂಭಾಗದಲ್ಲಿ ಎದುರು ಮಗ್ಗುಲಿಗೆ ನಿಲ್ಲುವುದಾದರೋ ಅವರ ದೃಷ್ಟಿಗೆ ಅಡ್ಡವಾಗದಿರಲೆಂದು.

ಇನ್ನು ಅಜ್ಜಿಯವರ ಸುಳಿ. ನಮ್ಮ ದನದ ಜಾತ್ರೆಗಳಲ್ಲಿ ಇಂದಿಗೂ ಒಳ್ಳೆಯ ಎತ್ತುಗಳು ಸುಳಿ ಸರಿಯಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಧ ಬೆಲೆಗೆ ಹೋಗುವುದನ್ನು ಕಂಡು ನಾನು ಮರುಗಿದ್ದೇನೆ. ಸುಳಿಯೆಂದರೆ ಭ್ರೂಣದ ಚರ್ಮ ಬೆಳೆಯುವಾಗ ಕೂದಲಿನ ಬುಡಗಳು ವಾಲಿದ ದಿಕ್ಕು, ಅಷ್ಟೆ; ಯಜಮಾನನ ಮನೆಯ ಸಾವುನೋವುಗಳನ್ನು ಬರೆದಿಡಲು ಅಲ್ಲಿ ಸ್ಥಳವಿಲ್ಲ. ಅಜ್ಜಿಯವರ ಎಚ್ಚರಿಕೆಯಲ್ಲಿರುವ ಪ್ರೀತಿಯನ್ನು ಗೌರವಿಸಿ, ಆ ಎಚ್ಚರವನ್ನು ಹಲ್ಲು, ಗೊರಸು, ಹಿಂಗಾಲಿನ ಮಂಡಿಚಿಪ್ಪುಗಳ ಕಡೆಗೆ ತಿರುಗಿಸಿರಿ. ಈ ಜಾತಿಯಲ್ಲಿ ಮಂಡಿಚಿಪ್ಪು ಜಾರುವ ದೋಷ ಸಾಮಾನ್ಯವಾದುದರಿಂದ, ಮಾರುವವರು ಎಷ್ಟೇ ಹೊಗಳಲಿ, ಕುದುರೆಯನ್ನು ಓಡಿಸಿ ನೋಡದೆ ಹಣ ಕೊಡಬೇಡಿರಿ.

ಕಿರುಗುದುರೆ ಮೂವತ್ತು ವರ್ಷವನ್ನೂ ಮೀರಿ ಬದುಕಬಲ್ಲ ಪ್ರಾಣಿ. ನಿಮ್ಮ ಮಗಳು ಗೃಹಿಣಿಯೋ ವೈದ್ಯೆಯೋ ಆದ ಮೇಲೆಯೂ ಅದು ಲಾಯದಲ್ಲಿರಬಹುದು. ಕುಳ್ಳುತನ ಅದರ ರಕ್ತದಲ್ಲಿಯೇ ಇರುವುದರಿಂದ ನೀವು ಸೇರಿಸಬೇಕಾದುದೂ ಕಳೆಯಬೇಕಾದುದೂ ಏನಿಲ್ಲ. ಅದನ್ನು ಸರ್ವಾಂಗಸ್ವಸ್ಥವಾದ ಕುದುರೆಯಾಗಿ ಕಣಕ್ಕೆ ಕರೆತರುವುದೊಂದೇ ನಿಮ್ಮ ಕರ್ತವ್ಯ. ಈ ವಸಂತಕ್ಕೆ ಶೋಮನ್‌ಶಿಪ್ ಒಂದಕ್ಕೇ ಹೆಸರು ಕೊಡಿರಿ. ಕೊಳ್ಳುವ ಮೊದಲು ಆಗ್ರಿಕನ್ ಜೀನಿನ ಪರೀಕ್ಷೆಯ ಫಲಿತಾಂಶವನ್ನು ಕೇಳಿರಿ. ಮತ್ತು ಒಂದು ಹಿಡಿ ಮೇವನ್ನು ಕಡಿಮೆ ಮಾಡಬೇಕೆನಿಸಿದರೂ ಮೊದಲು ಪಶುವೈದ್ಯರನ್ನು ವಿಚಾರಿಸಿರಿ.